ಅಲಿಪುರ ಪುಂಡಿ ಪ್ರಕರಣ

ಕೋಲ್ಕತ್ತದ ಅಲಿಪುರ ದೊಡ್ಡವರ ಜಾಗ. ಬಂಗಾಳದ ಲೆಫ್ಟಿನೆಂಟ್ ಗವರ್ನರುಗಳು ವಾಸವಿದ್ದ ಬೆಲ್ವೆಡೇರ್ ಆವರಣದಲ್ಲಿ ಈಗ ನ್ಯಾಷನಲ್ ಲೈಬ್ರರಿ ಇದೆ. 1876ರ ಪ್ರಾಣಿ ಸಂಗ್ರಹಾಲಯವಿದೆ. ವಿಲಿಯಂ ಕೇರಿ 1820ರಲ್ಲಿ ಹುಟ್ಟುಹಾಕಿದ ಕೃಷಿ-ತೋಟಗಾರಿಕೆ ಸೊಸೈಟಿಯ ಹೂದೋಟವಿದೆ. 1908ರ ಬಾಂಬ್ ಪ್ರಕರಣ ನಡೆದದ್ದು, ಚಿತ್ತರಂಜನ ದಾಸರು ವಾದ ಮಾಡಿ ಮರುವರ್ಷ ಅರವಿಂದ ಘೋಷರನ್ನು ಬಿಡಿಸಿಕೊಂಡದ್ದು ಇಲ್ಲಿಯ ಕೋರ್ಟಿನಲ್ಲೇ. ಇಂಥ ಅಲಿಪುರದ ಚರಿತ್ರೆಗೆ ಗದಗ ಕಡೆಯವನಾದ ನನ್ನ ಕಾಣಿಕೆ ಏನೆಂದರೆ ಒಂದು ಕುಂಡ ಪುಂಡಿ, ಮತ್ತು ಅದರ ಮೇಲೆ ನಾನು ಅಕ್ಕರೆಯಿಂದ ಸಾಕಿದ ಲೆಕ್ಕವಿಲ್ಲದಷ್ಟು ಹುಳ.

ಜೋಳದ ರೊಟ್ಟಿಗೆ ಪುಂಡಿಪಲ್ಯ ಬೇಕೇ ಬೇಕು ಎನ್ನುವ ಜನ ನಾವು. ನಮ್ಮ ಬಾಡಿಗೆ ಫ್ಲಾಟಿನ ಹತ್ತಿರದ ಮಾರ್ಕೆಟ್ಟಿನಲ್ಲಿ ಲಾಲ್ ಶಾಕ್, ಪುಯಿ ಶಾಕ್, ಕಲ್ಮಿ ಶಾಕ್ ರಾಶಿ ಬಿದ್ದಿದ್ದರೂ ಪುಂಡಿ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಹೆಂಡತಿಯ ನಿಟ್ಟುಸಿರು ಕೇಳಲಾರದೆ ಅತ್ತೆಯವರಿಂದ ಬೀಜ ತರಿಸಿದೆ. ಬಾಲ್ಕನಿ ಇಲ್ಲದ ಮನೆ. ಹಾಲ್‌ನ ಕಿಟಕಿಯ ಪಕ್ಕ ಕುಂಡ ಇಟ್ಟೆ. ಗಿಡ ಎದೆಮಟ್ಟ ಬಂತು. ಬೆರಳು ಬಿಡಿಸಿದ ಕೈಯ ಹಾಗೆ ಸೀಳಿಕೊಂಡ, ಅಂಚಿಗೆ ಗರಗಸದ ಹಲ್ಲಿನ ಎಲೆಗಳು ಬೀದಿಯ ಕಡೆ ಮುಖ ಮಾಡಿ ನಿಂತವು. ಆ ಎಲೆ ದೂರಕ್ಕೆ ಇನ್ನೊಂದು ಗಿಡದ ಎಲೆಯಂತೆ ಕಾಣುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಎದುರು ಮನೆಯವರಿಗೆ ಕೂಡಲೇ ಹೊಳೆಯಿತು.

ಮೇಲಿನ ಮಹಡಿಯಲ್ಲಿ ನಿವೃತ್ತ ವಕೀಲರೊಬ್ಬರಿದ್ದಾರೆ. ಒಂದು ಸಂಜೆ ಚಹಾಕ್ಕೆಂದು ಬಂದವರು ಚಹಾ ಬಿಟ್ಟು ಕುಂಡವನ್ನೇ ನೋಡುತ್ತ ಕೂತರು. "ದಾದಾ, 1839ರಲ್ಲೇ ನಮ್ಮ ಮೆಡಿಕಲ್ ಕಾಲೇಜಿನ ಡಾಕ್ಟರ್ ಓಷಾನೆಸ್ಸಿ ಇದರ ಔಷಧಿ ಗುಣದ ಮೇಲೆ ಪ್ರಬಂಧ ಓದಿದ್ದರು, ಗೊತ್ತೇ?" ಎಂದರು. ಪುಂಡಿಗೆ ಇಷ್ಟೊಂದು ಗೌರವವೇ ಎಂದು ನಾನು ಉಬ್ಬಿಹೋದೆ. "ನಮ್ಮ ಮನೆಯಲ್ಲಿ ವಾರಕ್ಕೆರಡು ಸಲ ಬೇಕೇ ಬೇಕು. ನನ್ನ ತಾಯಿಯಂತೂ ಇದಿಲ್ಲದೆ ಊಟಕ್ಕೇ ಕೂರುತ್ತಿರಲಿಲ್ಲ" ಎಂದೆ. ವಕೀಲರ ಕಪ್ಪು ಸಾಸರಿನ ಮೇಲೆ ಸದ್ದು ಮಾಡಿತು. "1985ರ ಎನ್‌ಡಿಪಿಎಸ್ ಕಾಯ್ದೆ, 20ನೇ ಕಲಮು. ಗಾಂಜಾ ಗಿಡ ಬೆಳೆಸಿದರೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. ಪಕ್ಕದ ಅಲಿಪುರ ಜೈಲು ಈಗ ಮ್ಯೂಸಿಯಂ ಆಗಿದೆ. ನೀವು ಬಾರೂಯಿಪುರದ ಜೈಲಿನ ತನಕ ಹೋಗಬೇಕಾಗುತ್ತದೆ" ಎಂದು ಹೇಳಿ ಎದ್ದುಹೋದರು.

ಹೆಂಡತಿಗೆ ಹೇಳಿದರೆ, "ಅಯ್ಯ, ಬುತ್ತಿ ಒಯ್ಯಾಕ ಭಾಳ ದೂರ ಆತಲ್ರೀ" ಎಂದಳು.

ನನ್ನ ಚಿಂತೆ ಬೇರೆಯೇ ಇತ್ತು. ಎಲೆಗಳ ಮೇಲೆ ಸೂಜಿಯಿಂದ ಚುಚ್ಚಿದಂಥ ಬಿಳಿ ಚುಕ್ಕೆಗಳೆದ್ದಿದ್ದವು. ಬಾಯಾರಿಕೆ ಇರಬೇಕೆಂದು ಎರಡು ಹೊತ್ತೂ ನೀರು ಹಾಕಿದೆ. ಮಣ್ಣು ಕೆಸರಾಯಿತು. ಆ ತೇವಕ್ಕೆ ಸೊಳ್ಳೆಯಂಥ ಕರಿ ನೊಣಗಳು ಹುಟ್ಟಿ ಚಹಾದ ಕಪ್ಪಿಗೆ ಬೀಳತೊಡಗಿದವು. ಅವುಗಳಿಗೆಂದು ಹಳದಿ ಅಂಟು ಹಾಳೆ ತಂದು ಕುಂಡದ ಹತ್ತಿರ ನೇತುಹಾಕಿದೆ. ಹಾಳೆ ಚೆನ್ನಾಗಿಯೇ ಕೆಲಸ ಮಾಡಿತು. ಗುಟ್ಟಾಗಿ ಗಿಡ ನೋಡಲು ಬಂದ ನಮ್ಮ ಬಿಲ್ಡಿಂಗಿನ ಸೊಸೈಟಿ ಸೆಕ್ರೆಟರಿಯವರ ಗಂಜಿ ಹಾಕಿದ ಬಿಳಿ ಪಂಜಾಬಿ ಜುಬ್ಬಕ್ಕೆ ಬೆನ್ನಿನ ತುಂಬ ಅಂಟಿಕೊಂಡಿತು. ಅವರು ಹಾಗೇ ಲಿಫ್ಟಿನಲ್ಲಿ ಇಳಿದು, ಬೀದಿ ದಾಟಿ, ಮೀನು ಕೊಂಡು ಬಂದರು.

ಅಷ್ಟರಲ್ಲಿ ಕಾಂಡದ ಸಂದಿಯಲ್ಲಿ ಹತ್ತಿ ಉಂಡೆ ಕಾಣಿಸಿತು. ಹಾಸಿಗೆಯ ಹತ್ತಿ ಹಾರಿ ಬಂದಿರಬೇಕೆಂದುಕೊಂಡೆ. ಇರುವೆಗಳು ಸಾಲುಗಟ್ಟಿ ಹತ್ತಿ ಇಳಿಯುತ್ತಿದ್ದವು. ಪಾಪ, ಗಿಡ ಸ್ವಚ್ಛ ಮಾಡುತ್ತಿವೆ ಎಂದು ಅವಕ್ಕೆ ದಾರಿ ಬಿಟ್ಟೆ. ನಿಜಕ್ಕೂ ಅದು ದಾಸವಾಳದ ಕುಲವನ್ನು ಕಂಡರೆ ಬಿಡದ ಹಿಟ್ಟು ತಿಗಣೆ. ಪುಂಡಿಯೂ ದಾಸವಾಳದ ಒಡಹುಟ್ಟು. ತಿಗಣೆ ರಸ ಹೀರಿ ಸಿಹಿ ಅಂಟು ಬಿಡುತ್ತದೆ, ಇರುವೆ ಅದನ್ನು ನೆಕ್ಕಿ ಬದಲಿಗೆ ತಿಗಣೆಯ ಶತ್ರುಗಳನ್ನು ಓಡಿಸುತ್ತದೆ. ಹೀಗೆ ಕಳ್ಳನ ಕಾವಲುಗಾರನಿಗೆ ನಾನೇ ಗೇಟು ತೆರೆದಿದ್ದೆ.

ಜಿರಳೆಯ ಸ್ಪ್ರೇ ಹೊಡೆದೆ. ಎಳೆ ಚಿಗುರು ಕರಕಲಾಯಿತು, ಬಿಳಿ ಚುಕ್ಕೆ ಹೆಚ್ಚಾದವು, ಎಲೆಗಳ ನಡುವೆ ಜೇಡರ ಬಲೆ ಎದ್ದಿತು. ಕೊನೆಗೆ ನ್ಯಾಷನಲ್ ಲೈಬ್ರರಿಗೆ ಹೋದೆ. ಅಕ್ಕಪಕ್ಕದ ಮೇಜುಗಳಲ್ಲಿ ಜನ ಬಂಗಾಳದ ನವೋದಯ ಓದುತ್ತಿದ್ದರು, ನಾನು ನುಸಿಯ ಸಂಸಾರ ಓದಿದೆ. ತೆಂಗಿಗೆ ನುಸಿ ಬಂದು ನಮ್ಮ ರೈತರನ್ನು ಅಳಿಸಿದ್ದು ಗೊತ್ತಿತ್ತು. ನಮ್ಮ ಪುಂಡಿಗೆ ಬಂದದ್ದು ಅದರ ದಾಯಾದಿ, ಬಲೆ ನೇಯುವ ನುಸಿ. ಅರ್ಧ ಮಿಲಿಮೀಟರ್ ಉದ್ದ, ಎಂಟು ಕಾಲು. ಅಂದರೆ ಇದು ಕೀಟವೇ ಅಲ್ಲ, ಜೇಡರ ಬಳಗ. ಕೀಟದ ಔಷಧಿಗೆ ಸುಲಭವಾಗಿ ಬಗ್ಗುವುದಿಲ್ಲ. ಔಷಧಿ ಇದನ್ನು ತಿನ್ನುವ ಹುಳಗಳನ್ನು ಕೊಂದು ಇದಕ್ಕೇ ಉಪಕಾರ ಮಾಡುವುದೂ ಉಂಟು. ಸೆಕೆಗಾಲದಲ್ಲಿ ಮೊಟ್ಟೆಯಿಂದ ತಾಯಿಯಾಗಲು ಇದಕ್ಕೆ ವಾರವೊಂದು ಸಾಕು. ಗಂಡು ಸಿಗದಿದ್ದರೂ ಹೆಣ್ಣು ಮೊಟ್ಟೆ ಇಡುತ್ತದೆ, ಅವುಗಳಿಂದ ಬೇಕಾದ ಗಂಡುಗಳನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಇಷ್ಟೆಲ್ಲ ನಡೆಯುವುದು ಎಲೆಯ ಅಡಿಯಲ್ಲಿ. ಹೊಲದಲ್ಲಾದರೆ ಮಳೆ ತೊಳೆಯುತ್ತದೆ, ಗುಲಗಂಜಿ ಹುಳ ತಿನ್ನುತ್ತದೆ. ನಮ್ಮ ಹಾಲ್‌ನಲ್ಲಿ ಮಳೆಯಿಲ್ಲ, ಗುಲಗಂಜಿ ಹುಳವಿಲ್ಲ. ಇದ್ದವನು ನಾನೊಬ್ಬ.

ಬೆಂಗಳೂರಿನ ಭಾವಮೈದನಿಗೆ ಫೋನು ಮಾಡಿದೆ. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ ಇಂಥ ಒಳ್ಳೆಯ ಹುಳಗಳ ಮೇಲೇ ಕೆಲಸ ನಡೆಯುತ್ತದೆ, ಹಿಟ್ಟು ತಿಗಣೆಗೆ ಆಸ್ಟ್ರೇಲಿಯದ ಗುಲಗಂಜಿ ಹುಳ ಬಿಟ್ಟರಾಯಿತು ಎಂದ. ಆ ಹುಳದ ಮರಿಯೂ ತಿಗಣೆಯಷ್ಟೇ ಬೆಳ್ಳಗಿರುತ್ತದಂತೆ. ಹೆಂಡತಿ ಫೋನು ಕಸಿದುಕೊಂಡಳು: "ಮನ್ಯಾಗಿರೋ ಹುಳಾನ ಸಾಲವಲ್ಲು ಅಂತ ಹೊರದೇಶದ್ದು ಬ್ಯಾರೆ ತರಸ್ತೀರಿ? ನಿಮ್ಮ ಮಾವಾರ ಕಣ್ಣಿಗೆ ಎರಡೂ ಒಂದ ಕಾಣ್ತಾವ, ಮೊದಲ ಅದನ್ನ ಕೊಲ್ತಾರ!"

ಉಳಿದದ್ದು ಬೇವಿನ ಎಣ್ಣೆ. ಲೀಟರು ನೀರಿಗೆ 5 ಮಿಲಿ, ನಾಲ್ಕು ಹನಿ ಸೋಪು, ಸಂಜೆ ಹೊತ್ತು ಎಂದು ಪುಸ್ತಕ ಹೇಳಿತ್ತು. ಶತ್ರು ಬಲವಾಗಿದ್ದಾನೆಂದು ಅಳತೆ ಬಿಟ್ಟು ಸುರಿದು ನಡುಮಧ್ಯಾಹ್ನ ಸಿಂಪಡಿಸಿದೆ. ಕಿಟಕಿಯ ಬಿಸಿಲಿಗೆ ಎಣ್ಣೆ ಬಿದ್ದ ಎಲೆಗಳು ಸುಟ್ಟು ಮುದುಡಿದವು. ಘಾಟು ವಾಸನೆ ಮೆಟ್ಟಿಲಿಳಿದು ಎಲ್ಲ ಮನೆಗಳಿಗೂ ಹೊಕ್ಕಿತು. ಗಿಡದ ಬಗ್ಗೆ ಅನುಮಾನವಷ್ಟೇ ಇದ್ದವರಿಗೆ ಈಗ ಸಾಕ್ಷಿಯೇ ಸಿಕ್ಕಿತು.

ಆ ಸಂಜೆ ಕಮಿಟಿ ಬಂತು. ವಕೀಲರು ಮುಂದೆ, ಬೇರೆ ಪಂಜಾಬಿ ತೊಟ್ಟ ಸೆಕ್ರೆಟರಿ ಗೋಡೆಗೆ ಬೆನ್ನು ಕೊಟ್ಟು ಹಿಂದೆ. "ಇದು ತರಕಾರಿ, ಹುಳಿ ಇರುತ್ತದೆ, ಬೇಕಾದರೆ ತಿಂದು ನೋಡಿ" ಎಂದು ಎಲೆಯೊಂದನ್ನು ಕಿತ್ತುಕೊಟ್ಟೆ. ವಕೀಲರು ಅಗಿದರು. ಬೇವಿನ ಎಣ್ಣೆಯಲ್ಲಿ ನೆಂದ ಎಲೆ! ಅವರ ಮುಖ ಎಷ್ಟು ಬಗೆಯಲ್ಲಿ ತಿರುಚಿತೆಂದರೆ, ಅಮಲೇರಿತೆಂದು ಸೆಕ್ರೆಟರಿ ಎರಡು ಹೆಜ್ಜೆ ಹಿಂದೆ ಸರಿದರು.

ಪಾತ್ರೆ ತೊಳೆಯುತ್ತಿದ್ದ ನಮ್ಮ ಮನೆಗೆಲಸದ ಮಾಶಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. "ಎ ತೋ ಮೇಸ್ತಾ!" ಎಂದಳು. ಅವಳ ಅಪ್ಪ ಹಳ್ಳಿಯಲ್ಲಿ ಇದನ್ನು ಬೆಳೆದು, ಕೆರೆಯಲ್ಲಿ ಕೊಳೆಹಾಕಿ, ನಾರು ತೆಗೆದು ಮಾರುತ್ತಿದ್ದನಂತೆ. ಸೆಣಬಿನ ನಾಡಿನ ಮಹನೀಯರಿಗೆ ಸೆಣಬಿನ ಜೊತೆಗಾರನ ಗುರುತೇ ಹತ್ತಿರಲಿಲ್ಲ. ಹತ್ತಿರದ ಬ್ಯಾರಕ್‌ಪುರದಲ್ಲಿ ಸೆಣಬು ಮತ್ತು ಇಂಥ ನಾರುಗಳಿಗೆಂದೇ ಕೇಂದ್ರ ಸಂಶೋಧನಾ ಸಂಸ್ಥೆಯೂ ಇದೆ. ನಾನೂ ಧೈರ್ಯ ತಂದುಕೊಂಡು ತೋರಿಸಿದೆ: ಗಾಂಜಾದಲ್ಲಿ ಒಂದೇ ತೊಟ್ಟಿಗೆ ಬಿಡಿ ಬಿಡಿ ಎಲೆಗಳು ಕೂಡಿರುತ್ತವೆ, ಪುಂಡಿಯದು ಆಳವಾಗಿ ಸೀಳಿದ ಒಂದೇ ಎಲೆ. ವಕೀಲರು ಬಾಯಿ ಮುಕ್ಕಳಿಸುತ್ತಲೇ ಖಟ್ಲೆ ವಜಾ ಮಾಡಿದರು. ಕೈತಪ್ಪಿದ ಕೇಸಿನ ದುಃಖ ಅವರ ಮುಖದಲ್ಲಿ ಕಹಿಗಿಂತ ಹೆಚ್ಚಾಗಿತ್ತು.

ಮಾಶಿ ಅಲ್ಲಿಗೇ ಬಿಡಲಿಲ್ಲ. ಕುಂಡವನ್ನು ಬಚ್ಚಲಿಗೆ ಎಳೆದೊಯ್ದಳು. ಹುಳ ಹಿಡಿದ ಟೊಂಗೆ ಕತ್ತರಿಸಿದಳು, ಸೋಪುನೀರಿನ ಬಟ್ಟೆಯಿಂದ ಹತ್ತಿ ಉಂಡೆ ಒರೆಸಿದಳು, ಎಲೆ ಎಲೆ ತಿರುವಿ ಅಡಿಗೆ ನೀರು ರಾಚಿದಳು. ಮೊಟ್ಟೆಗಳಿಂದ ಹೊಸ ಮರಿ ಏಳುತ್ತವೆಂದು ಮೂರು ದಿನಕ್ಕೊಮ್ಮೆ ಹಾಗೇ ತೊಳೆದಳು. ಗಿಡ ಚಿಗುರಿತು. ಔಷಧಿ ಬೀಳದ ಆ ಹೊಸ ಚಿಗುರಿನಿಂದ ಕೊನೆಗೂ ಪಲ್ಯವಾಯಿತು. ವಕೀಲರ ಮನೆಗೂ ಒಂದು ಬಟ್ಟಲು ಹೋಯಿತು, ಬಟ್ಟಲು ಖಾಲಿಯಾಗಿ ಬಂತು.

ಇಡೀ ಬಿಲ್ಡಿಂಗು ಎಲೆಯ ಆಕಾರ ನೋಡಿತು, ಅಡಿ ತಿರುವಿದವಳು ಮಾಶಿಯೊಬ್ಬಳೇ. ನಿಮ್ಮ ಮನೆಯೊಳಗೂ ಕುಂಡವಿದ್ದರೆ ವಾರಕ್ಕೊಮ್ಮೆ ಎಲೆ ತಿರುವಿ, ಕೆಳಗೊಂದು ಬಿಳಿ ಕಾಗದ ಹಿಡಿದು ತಟ್ಟಿ ನೋಡಿ. ಬಿದ್ದ ಚುಕ್ಕೆಗಳು ನಡೆದಾಡಿದರೆ ಗಿಡವನ್ನು ಬಚ್ಚಲಿಗೆ ಒಯ್ಯಿರಿ. ಅದು ಪುಂಡಿಯಾಗಿದ್ದರೆ ಹುಳ ಬರುವ ಮೊದಲೇ ತಿಂದು ಮುಗಿಸಿ. ಗಾಂಜಾ ಆಗಿದ್ದರೆ ಹುಳದ ಚಿಂತೆ ಬಿಟ್ಟು ವಕೀಲರನ್ನು ನೋಡಿ.