‘ಮುಂದಿನ ಪೆಲೆ’ಯನ್ನು ಹುಡುಕುವವರಿಗೆ ಒಂದು ಬಹಿರಂಗ ಪತ್ರ

ಫುಟ್‌ಬಾಲ್ ಬಗ್ಗೆ ಬರೆಯುವ, ಮಾತಾಡುವ, ತಲೆಬರಹ ಕಟ್ಟುವ ಎಲ್ಲ ಮಿತ್ರರಿಗೆ,

ಬೆಂಗಳೂರಿನ ಹಲಸೂರಿನ ಬಳಿ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೊಂದಿದೆ. ವಿಶ್ವಕಪ್ ಬಂತೆಂದರೆ ಆ ಗಲ್ಲಿಗಳಲ್ಲಿ ಹಳದಿ-ಹಸಿರು ಬಾವುಟಗಳು ಏರುತ್ತವೆ. ಬ್ರೆಜಿಲಿನ ಆಟವನ್ನು ಇಷ್ಟು ದೂರದಿಂದ ಇಷ್ಟೊಂದು ಹಚ್ಚಿಕೊಂಡ ಊರಿನವನಾಗಿ ಈ ಪತ್ರ ಬರೆಯುತ್ತಿದ್ದೇನೆ. ವಿಷಯ ಎಂಡ್ರಿಕ್ ಎಂಬ ಹುಡುಗನದು. ಅದಕ್ಕಿಂತ ಹೆಚ್ಚಾಗಿ, ಅವನಿಗೆ ಮೀಸೆ ಮೂಡುವ ಮೊದಲೇ ನೀವು ಅಂಟಿಸಿದ ‘ಮುಂದಿನ ಪೆಲೆ’ ಎಂಬ ಬಿರುದಿನದು.

ಎಂಡ್ರಿಕ್ ಹುಟ್ಟಿದ್ದು 2006ರ ಜುಲೈ 21ರಂದು, ಬ್ರೆಸಿಲಿಯಾ ಸುತ್ತಲಿನ ಫೆಡರಲ್ ಜಿಲ್ಲೆಯ ತಗ್ವಾಟಿಂಗಾದಲ್ಲಿ. ಮನೆಯಲ್ಲಿ ಊಟಕ್ಕೂ ತತ್ವಾರದ ದಿನಗಳಿದ್ದವು. ಮಗ ಚೆಂಡಾಡುವ ವಿಡಿಯೊಗಳನ್ನು ತಂದೆ ಯೂಟ್ಯೂಬಿಗೆ ಹಾಕಿ, ಯಾವುದಾದರೂ ಕ್ಲಬ್ಬಿನ ಕಣ್ಣಿಗೆ ಬಿದ್ದೀತೆಂದು ಕಾದರು. ಕೊನೆಗೆ ಸಾವೊ ಪಾಲೊದ ಪಾಲ್ಮೇರಾಸ್ ಕ್ಲಬ್ ಕರೆಯಿತು. ಮಗನ ಹಿಂದೆ ಸಂಸಾರವೂ ಊರು ಬಿಟ್ಟು ಹೊರಟಿತು. ತಂದೆಗೆ ಅದೇ ಕ್ಲಬ್ಬಿನಲ್ಲಿ ಸಿಕ್ಕಿದ್ದು ಸ್ವಚ್ಛತೆಯ ಕೆಲಸ. ಹಲ್ಲಿಲ್ಲದೆ ಸರಿಯಾಗಿ ಅಗಿದು ಉಣ್ಣಲಾಗದೆ ಕಷ್ಟಪಡುತ್ತಿದ್ದ ಅವರ ಚಿಕಿತ್ಸೆಗೆ ಹಿರಿಯರ ತಂಡದ ಗೋಲ್‌ಕೀಪರ್ ಜಾಯಿಲ್ಸನ್ ಕೈಜೋಡಿಸಿದರು. ಈ ಹುಡುಗನ ಬಗ್ಗೆ ನಾನು ಓದಿದ್ದರಲ್ಲಿ ಮನಸ್ಸಿನಿಂದ ಅಳಿಯದೆ ಉಳಿದ ಸಂಗತಿ ಇದು. ಒಂದೇ ಅಂಗಳದಲ್ಲಿ ಮಗ ಗೋಲು ಹೊಡೆಯುತ್ತಿದ್ದ, ಅಪ್ಪ ನೆಲ ಒರೆಸುತ್ತಿದ್ದರು. ಮನೆಮಂದಿಯ ಭಾರವೆಲ್ಲ ಆ ಮಗುವಿನ ಕಾಲ ಮೇಲೆ ಆಗಲೇ ಕೂತಿತ್ತು. ಅದರ ಮೇಲೆ ನೀವು ಪೆಲೆಯನ್ನೂ ಹೇರಿದಿರಿ.

ಆಟದ ವಿಷಯದಲ್ಲಿ ನಿಮ್ಮ ಕಣ್ಣು ತಪ್ಪು ನೋಡಿರಲಿಲ್ಲ, ಒಪ್ಪುತ್ತೇನೆ. 2022ರ ಜನವರಿಯಲ್ಲಿ ಕೋಪಾ ಸಾವೊ ಪಾಲೊ ಎಂಬ ಯುವಕರ ಟೂರ್ನಿಯನ್ನು ಪಾಲ್ಮೇರಾಸ್ ಮೊದಲ ಬಾರಿಗೆ ಗೆದ್ದಾಗ ಅವನಿಗೆ ಹದಿನೈದು. ಅವನೇ ಟೂರ್ನಿಯ ಶ್ರೇಷ್ಠ ಆಟಗಾರ. ಅದೇ ವರ್ಷ ಅಕ್ಟೋಬರ್ 6ರಂದು, ಹದಿನಾರು ತುಂಬಿ ಮೂರು ತಿಂಗಳೂ ಆಗಿರದಾಗ, ಕೊರಿಟಿಬಾ ವಿರುದ್ಧ ಹಿರಿಯರ ತಂಡದಲ್ಲಿ ಕಣಕ್ಕಿಳಿದ. ಆ ಕ್ಲಬ್ಬಿನ ಚರಿತ್ರೆಯಲ್ಲಿ ಅಷ್ಟು ಎಳೆಯ ವಯಸ್ಸಿನಲ್ಲಿ ಆಡಿದವರು ಅದುವರೆಗೆ ಯಾರೂ ಇರಲಿಲ್ಲ. ಆ ಸಾಲಿನ ಬ್ರೆಜಿಲ್ ಲೀಗಿನಲ್ಲಿ ಅವನು ಆಡಿದ್ದು ಏಳು ಪಂದ್ಯ, ಹೊಡೆದದ್ದು ಮೂರು ಗೋಲು.

ಈ ಏಳು ಪಂದ್ಯಗಳ ಮೇಲೆ, ಡಿಸೆಂಬರ್ ಮಧ್ಯದಲ್ಲಿ, ರಿಯಲ್ ಮ್ಯಾಡ್ರಿಡ್ ಅವನನ್ನು ಕೊಂಡಿತು. ಬೋನಸ್ಸೆಲ್ಲ ಸೇರಿ ಸುಮಾರು 6 ಕೋಟಿ ಯೂರೋ ಎಂದು ಸುದ್ದಿಯಾಯಿತು. ಹದಿನೆಂಟು ತುಂಬದವರನ್ನು ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ಹೀಗೆ ಕರೆದೊಯ್ಯಲು ಫಿಫಾ ಬಿಡುವುದಿಲ್ಲ. ಆದರೆ ಮಾತುಕತೆ ಮುಗಿಸಿ ಬೆಲೆ ಕಟ್ಟಲು ಅಡ್ಡಿಯಿಲ್ಲ. ಮಾವಿನ ತೋಟವನ್ನು ಹೂ ಬಿಟ್ಟಾಗಲೇ ಚೇಣಿಗೆ ಹಿಡಿಯುವಂಥ ವ್ಯಾಪಾರ ಇದು. ಅಲ್ಲಿಂದ ಮುಂದೆ ಒಂದೂವರೆ ವರ್ಷ ಅವನು ಪಾಲ್ಮೇರಾಸಿನಲ್ಲಿದ್ದರೂ ಪರರ ಸೊತ್ತು. 2023ರ ಮೊದಲ ತಿಂಗಳುಗಳಲ್ಲಿ ಗೋಲು ಬಾರದೆ ಒದ್ದಾಡಿದ. ಹದಿನಾರರ ಹುಡುಗನಿಗೆ ಇದಕ್ಕಿಂತ ಸಹಜವಾದದ್ದು ಯಾವುದಿದೆ? ಆದರೆ ಪ್ರತಿ ಪಂದ್ಯದ ವರದಿಯಲ್ಲೂ ಅವನ ಹೆಸರಿನ ಪಕ್ಕದಲ್ಲಿ ಆ ಕೋಟಿಗಳ ಲೆಕ್ಕ ಬರುತ್ತಿತ್ತು.

ಕೋಚ್ ಅಬೆಲ್ ಫೆರೇರಾ ಅವಸರ ಮಾಡಲಿಲ್ಲ. ಬೆಂಚಿನಲ್ಲಿ ಕೂರಿಸಿದರು, ಸ್ವಲ್ಪ ಸ್ವಲ್ಪವೇ ಆಡಿಸಿದರು, ಮತ್ತೆ ಕೂರಿಸಿದರು. ಅದರ ಫಲ ಏನೆಂದು ನವೆಂಬರ್ 1ರ ರಾತ್ರಿ ರಿಯೊದ ನಿಲ್ಟನ್ ಸಾಂಟೋಸ್ ಕ್ರೀಡಾಂಗಣ ನೋಡಿತು. ಲೀಗಿನ ಅಗ್ರಸ್ಥಾನದಲ್ಲಿದ್ದ ಬೊಟಾಫೊಗೊ ವಿರಾಮದ ಹೊತ್ತಿಗೆ 3-0 ಮುಂದಿತ್ತು. ಮರಳಿ ಬಂದ ಎಂಡ್ರಿಕ್, ಎದುರಾಳಿಗಳ ನಡುವೆ ಚೆಂಡನ್ನು ನುಗ್ಗಿಸಿಕೊಂಡು ಹೋಗಿ ಒಬ್ಬನೇ ಒಂದು ಗೋಲು ಹೊಡೆದ. ಬೊಟಾಫೊಗೊಗೆ ಪೆನಾಲ್ಟಿ ಸಿಕ್ಕಿತು, ಪಾಲ್ಮೇರಾಸಿನ ಗೋಲ್‌ಕೀಪರ್ ವೆವರ್ಟನ್ ತಡೆದರು. ಕೊನೆಯ ಹತ್ತು ನಿಮಿಷಗಳೊಳಗೆ ಎಂಡ್ರಿಕ್‌ನಿಂದ ಇನ್ನೊಂದು. ಆಮೇಲೆ ಸಮಬಲ, ಹೆಚ್ಚುವರಿ ನಿಮಿಷಗಳಲ್ಲಿ ಗೆಲುವು: 4-3. ಆ ವರ್ಷದ ಲೀಗ್ ಪಾಲ್ಮೇರಾಸಿನದಾಯಿತು. ಅವನ ಆಟಕ್ಕೆ ಕೈ ಮುಗಿಯಬೇಕೆನಿಸುವ ರಾತ್ರಿ ಅದು. ಅವನನ್ನು ಕಾಯುವ ತಾಳ್ಮೆ ತೋರಿದ ಕೋಚಿಗೂ ಅದರಲ್ಲಿ ಪಾಲಿದೆ.

ಮರುವರ್ಷ ಮಾರ್ಚ್‌ನಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಬ್ರೆಜಿಲ್ ತಂಡದ ಪಂದ್ಯ. ನಮ್ಮಲ್ಲಿ ಆಗ ನಡುರಾತ್ರಿ ದಾಟಿ ಎರಡರ ಸುಮಾರು. ವಿನೀಶಿಯಸ್ ಜೂನಿಯರ್ ಒದ್ದ ಚೆಂಡನ್ನು ಇಂಗ್ಲೆಂಡಿನ ಗೋಲ್‌ಕೀಪರ್ ಪಿಕ್‌ಫರ್ಡ್ ತಡೆದರೂ ಹಿಡಿದಿಡಲಾಗಲಿಲ್ಲ. ಬದಲಿಯಾಗಿ ಬಂದು ಹತ್ತು ನಿಮಿಷವೂ ಆಗಿರದ ಎಂಡ್ರಿಕ್ ಓಡಿ ಬಂದು ಅದನ್ನು ಗೋಲಿಗೆ ಸೇರಿಸಿದ. ಪಂದ್ಯದ ಏಕೈಕ ಗೋಲು. ಮೂರು ದಿನ ಕಳೆದು ಮ್ಯಾಡ್ರಿಡ್‌ನಲ್ಲಿ ಸ್ಪೇನ್ ವಿರುದ್ಧ ಇನ್ನೊಂದು. ನಿಮ್ಮ ತಲೆಬರಹಗಳಲ್ಲಿ ಪೆಲೆ ಮತ್ತೆ ಎದ್ದುಬಂದರು.

ಪೆಲೆಯ ಹೆಸರು ಹಿಡಿಯುವುದಾದರೆ ಪೆಲೆ ಬೆಳೆದ ಬಗೆಯನ್ನೂ ಪೂರ್ತಿ ಹೇಳಬೇಕಲ್ಲವೇ? ಅವರು ಹದಿನೈದರಲ್ಲಿ, 1956ರಲ್ಲಿ, ಸಾಂಟೋಸ್ ಸೇರಿದರು. 1958ರ ವಿಶ್ವಕಪ್‌ನ ಮೊದಲ ಎರಡು ಪಂದ್ಯಗಳಲ್ಲಿ ಮಂಡಿಯ ನೋವಿನಿಂದ ಆಡಲಿಲ್ಲ; ಆಮೇಲೆ ಫ್ರಾನ್ಸ್ ಮೇಲೆ ಮೂರು ಗೋಲು, ಫೈನಲಿನಲ್ಲಿ ಸ್ವೀಡನ್ ಮೇಲೆ ಎರಡು. ಇಲ್ಲಿಯವರೆಗಿನ ಕತೆ ನೀವೂ ಬರೆಯುತ್ತೀರಿ. ನಂತರದ್ದನ್ನು ಬಿಡುತ್ತೀರಿ: ಅಷ್ಟೆಲ್ಲ ಆದ ಮೇಲೂ ಅವರು 1974ರವರೆಗೆ ಅದೇ ಸಾಂಟೋಸ್‌ನಲ್ಲಿ ಆಡಿದರು. ಸೋತು ಬಂದರೆ ಸಂತೈಸುವವರು ತನ್ನ ಭಾಷೆಯವರು, ತನ್ನ ಜನ. ಹದಿನೆಂಟರಲ್ಲಿ ಅವರನ್ನು ಪರದೇಶದ ಬೆಂಚಿನ ಮೇಲೆ ಯಾರೂ ಕೂರಿಸಲಿಲ್ಲ.

ಎಂಡ್ರಿಕ್‌ಗೆ ಹದಿನೆಂಟು ತುಂಬಿ ಮ್ಯಾಡ್ರಿಡ್ ಸೇರಿದಾಗ ಆ ಬೆಂಚೇ ಸಿಕ್ಕಿತು. 2024ರ ಆಗಸ್ಟ್‌ನಲ್ಲಿ ವಯಾದೊಲಿಡ್ ವಿರುದ್ಧ ಎಂಬಾಪೆಯ ಬದಲಿಗೆ ಬಂದ ಕೆಲವೇ ನಿಮಿಷಗಳಲ್ಲಿ ಗೋಲು ಹೊಡೆದ. ಚಾಂಪಿಯನ್ಸ್ ಲೀಗಿನ ಮೊದಲ ಪಂದ್ಯದಲ್ಲೂ, ಸ್ಟುಟ್‌ಗಾರ್ಟ್ ವಿರುದ್ಧ, ಗೋಲು. ಆದರೆ ಆ ಸೀಸನ್ನಿನ ಅವನ ಏಳು ಗೋಲುಗಳಲ್ಲಿ ಐದು ಬಂದದ್ದು ಸ್ಪೇನಿನ ಕಪ್ ಟೂರ್ನಿಯಾದ ಕೋಪಾ ದೆಲ್ ರೇಯಲ್ಲಿ, ದೊಡ್ಡವರಿಗೆ ವಿಶ್ರಾಂತಿ ಕೊಡುವ ಪಂದ್ಯಗಳಲ್ಲಿ. ಸೀಸನ್ನಿನ ಕೊನೆಗೆ ತೊಡೆಯ ಸ್ನಾಯುವಿನ ಗಾಯ. ಕೋಚ್ ಬದಲಾದರು. ಬೆನ್ನಿಗೆ ಒಮ್ಮೆ ರೊನಾಲ್ಡೊ ತೊಟ್ಟ 9ನೇ ಸಂಖ್ಯೆ ಬಂತು, ಆಡಲು ನಿಮಿಷಗಳು ಬರಲಿಲ್ಲ. 2025ರ ಡಿಸೆಂಬರಿನಲ್ಲಿ ಫ್ರಾನ್ಸಿನ ಲಿಯೋನ್ ಕ್ಲಬ್ಬಿಗೆ ಎರವಲು ಹೋಗುವುದು ಖಚಿತವಾಯಿತು. ಆಡಬೇಕೆಂಬ ಹುಡುಗನಿಗೆ ಅದು ಒಳ್ಳೆಯದೇ. ನಿಮ್ಮಲ್ಲಿ ಕೆಲವರು ಅದನ್ನು ಸೋಲೆಂದು ಬರೆದಿರಿ. ಹತ್ತೊಂಬತ್ತಕ್ಕೆ ಸೋಲೇ?

ವಿನೀಶಿಯಸ್‌ನನ್ನೇ ನೋಡಿ. ಹದಿನಾರರಲ್ಲಿ, ಫ್ಲಮೆಂಗೊಗೆ ಆಡಲು ಶುರುಮಾಡಿದ ಬೆನ್ನಿಗೇ, ಅದೇ ಮ್ಯಾಡ್ರಿಡ್‌ಗೆ ಮಾರಾಟವಾದ. ಗೋಲಿನ ಮುಂದೆ ತಡವರಿಸುತ್ತಾನೆಂದು ಮೂರು ವರ್ಷ ಜನ ನಕ್ಕರು. 2022ರ ಚಾಂಪಿಯನ್ಸ್ ಲೀಗ್ ಫೈನಲಿನಲ್ಲಿ ಲಿವರ್‌ಪೂಲ್ ವಿರುದ್ಧದ ಏಕೈಕ ಗೋಲು ಅವನದು. ಆದರೆ ಅವನೊಬ್ಬನ ಉದಾಹರಣೆಯಲ್ಲೇ ನಿಲ್ಲುವುದೂ ಸರಿಯಲ್ಲ. 2009ರಲ್ಲಿ ಇದೇ ಪಾಲ್ಮೇರಾಸಿನಿಂದ ಬಾರ್ಸಿಲೋನಾ ಕೊಂಡ ಕೈರಿಸನ್ ಅಲ್ಲಿ ಒಂದೂ ಅಧಿಕೃತ ಪಂದ್ಯ ಆಡಲಿಲ್ಲ. 2020ರಲ್ಲಿ ಹದಿನೆಂಟು ತುಂಬಿದ ಕೂಡಲೇ ಮ್ಯಾಡ್ರಿಡ್ ಸೇರಿದ ರೈನಿಯರ್, ಅದರ ಹಿರಿಯರ ತಂಡದ ಅಂಗಿ ತೊಟ್ಟು ಒಂದು ನಿಮಿಷವೂ ಆಡದೆ, ಜರ್ಮನಿ, ಸ್ಪೇನ್, ಇಟಲಿ ಎಂದು ಎರವಲಿನಲ್ಲೇ ಸುತ್ತಿ ಕೊನೆಗೆ ಬ್ರೆಜಿಲಿಗೆ ಮರಳಿದ. ವಿಟರ್ ರೋಕ್ 2024ರಲ್ಲಿ ಬಾರ್ಸಿಲೋನಾಕ್ಕೆ ಹೋಗಿ ಮರುವರ್ಷವೇ ಪಾಲ್ಮೇರಾಸಿಗೆ ಬಂದ. ಇವರು ವಿಮಾನ ಹತ್ತಿದ ದಿನ ನಿಮ್ಮ ಪುಟ ತುಂಬಿತ್ತು. ಮರಳಿದ ದಿನ ಎಷ್ಟು ಸಾಲು ಸಿಕ್ಕಿತು?

ಇವರಾದರೂ ವಿಮಾನ ಹತ್ತಿದವರು. 2019ರ ಫೆಬ್ರವರಿ 8ರ ಬೆಳಗಿನ ಜಾವ ರಿಯೊದಲ್ಲಿ ಫ್ಲಮೆಂಗೊ ಕ್ಲಬ್ಬಿನ ತರಬೇತಿ ಕೇಂದ್ರಕ್ಕೆ ಬೆಂಕಿ ಬಿತ್ತು. ಯುವ ತಂಡದ ಹುಡುಗರು ಮಲಗುತ್ತಿದ್ದದ್ದು ಕಂಟೇನರ್‌ಗಳಲ್ಲಿ. ಹತ್ತು ಮಕ್ಕಳು ಸತ್ತರು. ಎಲ್ಲರೂ ಹದಿನಾಲ್ಕರಿಂದ ಹದಿನಾರರ ಒಳಗಿನವರು. ದೂರದೂರಿನ ಬಡ ಮನೆಗಳು ಎಂಡ್ರಿಕ್‌ನ ಮನೆಯಂತೆಯೇ ಒಂದು ಮಗುವಿನ ಕಾಲನ್ನು ನಂಬಿ ಇಂಥ ಕೇಂದ್ರಗಳಿಗೆ ಕಳಿಸುತ್ತವೆ. ಹದಿನಾರರ ಹುಡುಗನೊಬ್ಬ ಮಾರಾಟವಾದಾಗ ಅವನ ಬೆಲೆ ಬರೆಯುವ ನಾವು, ಅವನ ಜೊತೆ ಮಲಗಿದ್ದ ಉಳಿದ ಹುಡುಗರು ಎಲ್ಲಿ, ಹೇಗಿದ್ದಾರೆಂದು ಕೇಳುವುದಿಲ್ಲ. ಇದು ನನ್ನನ್ನು ಕಾಡುತ್ತದೆ.

ಪೆಲೆಯನ್ನೂ ಇಂಥ ಮಕ್ಕಳ ಚಿಂತೆ ಕಾಡದಿರಲಿಲ್ಲ. 1969ರ ನವೆಂಬರ್ 19ರಂದು ಮಾರಕಾನಾದಲ್ಲಿ, ವಾಸ್ಕೊ ವಿರುದ್ಧ ಪೆನಾಲ್ಟಿಯಲ್ಲಿ ಸಾವಿರದ ಗೋಲು ಹೊಡೆದಾಗ ಮೈಕುಗಳು ಮುತ್ತಿಕೊಂಡವು. ಆ ಗಳಿಗೆಯಲ್ಲಿ ಅವರು ಆಡಿದ ಮಾತು ತನ್ನ ಬಗ್ಗೆಯಲ್ಲ, ಬ್ರೆಜಿಲಿನ ಬಡ ಮಕ್ಕಳ ಬಗ್ಗೆ. ಅವರನ್ನು ನೋಡಿಕೊಳ್ಳಿ ಎಂದು. ಮುಂದೆ ಕ್ರೀಡಾ ಸಚಿವರಾದರು. ಆಟಗಾರರನ್ನು ಕ್ಲಬ್ಬುಗಳ ಹಿಡಿತದಿಂದ ಬಿಡಿಸಿದ 1998ರ ಕಾನೂನಿಗೆ ಅವರದೇ ಹೆಸರು. ಪೆಲೆಯ ವಾರಸುದಾರರನ್ನು ಹುಡುಕುವ ನಿಮಗೆ ಅವರ ಈ ಕಾಳಜಿಯೂ ಕಾಣಬೇಕಿತ್ತು.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಎಂಡ್ರಿಕ್‌ನನ್ನು ಎಂಡ್ರಿಕ್ ಎಂದೇ ಕರೆಯಿರಿ. ಅವನು ಎಷ್ಟು ನಿಮಿಷ ಆಡಿದ, ಯಾವ ಜಾಗದಲ್ಲಿ ಆಡಿದ, ಗಾಯ ಮಾಗಿತೇ ಎಂಬುದನ್ನು ಬರೆದು, ಕೋಟಿಗಳನ್ನು ಕೊನೆಯ ಸಾಲಿಗೆ ಬಿಡಿ. ಇನ್ನೊಬ್ಬ ಹದಿನಾರರ ಹುಡುಗನ ಮಾರಾಟದ ಸುದ್ದಿ ನಿಮ್ಮ ಮೇಜಿಗೆ ಬಂದೇ ಬರುತ್ತದೆ. ಆಗ ಕೊಂಡ ಕ್ಲಬ್ಬನ್ನು ಎರಡು ಪ್ರಶ್ನೆ ಕೇಳಿ: ಮೊದಲ ವರ್ಷ ಇವನನ್ನು ಎಲ್ಲಿ ಆಡಿಸುತ್ತೀರಿ? ಇವನ ಜೊತೆಗೆ ಮನೆಯವರು ಯಾರು ಇರುತ್ತಾರೆ? ಉತ್ತರ ಬಂದರೆ ಅದನ್ನು ಅಚ್ಚು ಮಾಡಿ. ಬಾರದಿದ್ದರೆ ಬರಲಿಲ್ಲ ಎಂದು ಅಚ್ಚು ಮಾಡಿ.

ಇಂತಿ,
ಬೆಂಗಳೂರಿನ ಒಬ್ಬ ಫುಟ್‌ಬಾಲ್ ಅಭಿಮಾನಿ