ಗಾಡಿ ಕೆಟ್ಟೈತೇನ್ರೀ?

ಬೆಟ್ಟದ ಹವೆಗೆಂದು ಬಳ್ಳಾರಿಗೆ ಬಂದವರಲ್ಲಿ ನನಗೆ ಗೊತ್ತಿರುವವನು ಒಬ್ಬನೇ: ನನ್ನ ಅಕ್ಕನ ಮಗ. ನಮ್ಮೂರಿಗೆ ಜನ ಬರುವುದಿಲ್ಲವೆಂದಲ್ಲ. ಮದುವೆಗೆ ಬರುತ್ತಾರೆ, ಕೋರ್ಟಿನ ವಾಯಿದೆಗೆ ಬರುತ್ತಾರೆ, ಜೀನ್ಸ್ ಪ್ಯಾಂಟುಗಳನ್ನು ಸಗಟಿನಲ್ಲಿ ಒಯ್ಯಲು ಬರುತ್ತಾರೆ. ಬಂದ ಕೆಲಸ ಮುಗಿಯುತ್ತಲೇ ಬಿಸಿಲನ್ನು ಬೈಯುತ್ತ ಬಸ್ಸು ಹತ್ತುತ್ತಾರೆ. ಬೆಟ್ಟಕ್ಕೆ ಹೋಗುವುದೇನಿದ್ದರೂ ಇಲ್ಲಿಂದ ಬೇರೆ ಕಡೆಗೆ. ಕೈಯಲ್ಲಿ ಕಾಸಿದ್ದವರು ಮೇ ತಿಂಗಳಲ್ಲಿ ಊಟಿಗೆ ಹೋಗುತ್ತಾರೆ. ಇಲ್ಲದವರು ನೆಲಕ್ಕೆ ನೀರು ಚಿಮುಕಿಸಿ ಫ್ಯಾನಿನ ಕೆಳಗೆ ಮಲಗುತ್ತಾರೆ.

ಈ ಅಳಿಯ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅವನ ಸೈಕಲ್ಲಿನ ಬೆಲೆ ಕೇಳಿದ ನಮ್ಮ ಮನೆಯಾಕೆ, ಆ ದುಡ್ಡಿಗೆ ಎರಡು ಒಳ್ಳೆಯ ಎಮ್ಮೆ ಬರುತ್ತಿದ್ದವು ಎಂದಳು. ಅದಕ್ಕೆ ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡ್ ಇಲ್ಲ. ಇಷ್ಟೆಲ್ಲ ಇಲ್ಲದಿರುವುದಕ್ಕೇ ಅಷ್ಟು ದುಡ್ಡಂತೆ. ರಜೆ ಸಿಕ್ಕಾಗಲೆಲ್ಲ ಅದನ್ನು ಕಾರಿನ ನೆತ್ತಿಗೆ ಕಟ್ಟಿಕೊಂಡು ಮಲೆನಾಡಿಗೆ ಹೊರಡುತ್ತಿದ್ದವನಿಗೆ, ಮುಳ್ಳಯ್ಯನಗಿರಿ ಏರುವ ಕಾರುಗಳ ಹೊಗೆ ಕುಡಿದೂ ಕುಡಿದೂ ಬೇಸರ ಬಂದಿತ್ತು. ಇಟಲಿಯ ಆಲ್ಪ್ಸ್ ಪರ್ವತದಲ್ಲಿ ಸ್ಟೆಲ್ವಿಯೋ ಎಂಬ ಘಾಟಿ ಇದೆ, 2757 ಮೀಟರ್ ಎತ್ತರ, ಒಂದು ಮಗ್ಗುಲಿನಲ್ಲೇ 48 ಹೇರ್‌ಪಿನ್ ತಿರುವು, ವರ್ಷಕ್ಕೊಂದು ದಿನ ಮೋಟಾರು ವಾಹನಗಳನ್ನೆಲ್ಲ ತಡೆದು ಇಡೀ ದಾರಿಯನ್ನು ಸೈಕಲ್ಲಿನವರಿಗೆ ಬಿಟ್ಟುಕೊಡುತ್ತಾರೆ ಎಂದು ಅವನು ಫೋನಿನಲ್ಲಿ ವರ್ಣಿಸಿದ. ರಸ್ತೆ ಬಂದ್ ಮಾಡುವುದೇ ದೊಡ್ಡಸ್ತಿಕೆಯಾದರೆ ನಾವೂ ಕಡಿಮೆಯಿಲ್ಲ. ತೇರಿನ ದಿನ ಬಂದ್, ಮಂತ್ರಿಗಳು ಬರುವ ದಿನ ಬಂದ್, ಮದುವೆ ಶಾಮಿಯಾನ ರಸ್ತೆಗೇ ಬಂದರೆ ಬಂದ್. ಸೈಕಲ್ಲಿಗಾಗಿ ಮಾತ್ರ ಯಾರೂ ಮಾಡಿದ್ದಿಲ್ಲ.

“ಮಾಮಾ, ನಿಮ್ಮೂರಲ್ಲೂ ಬೆಟ್ಟ ಇದ್ಯಲ್ವಾ? ಅಲ್ಲಿ ಗಾಡಿ ಓಡಾಡದ ರೋಡು ಸಿಗುತ್ತಾ?” ಎಂದ.

ಬೆಟ್ಟವೇನೋ ಇದೆ. ಊರ ನಡುವೆಯೇ ಬಳ್ಳಾರಿ ಗುಡ್ಡ, ಇಡೀ ಗುಡ್ಡವೇ ಒಂದು ಬಂಡೆ. ಪಕ್ಕದಲ್ಲಿ ಕುಂಬಾರ ಗುಡ್ಡ. ಬಳ್ಳಾರಿ ಗುಡ್ಡದ ಕೋಟೆಯನ್ನು ಬಲಪಡಿಸಲು ಹೈದರಾಲಿ ಒಬ್ಬ ಫ್ರೆಂಚ್ ಎಂಜಿನಿಯರನನ್ನು ಹಚ್ಚಿದ್ದನಂತೆ. ಕೆಲಸವೆಲ್ಲ ಮುಗಿದ ಮೇಲೆ, ಕುಂಬಾರ ಗುಡ್ಡವೇ ಇನ್ನೂ ಎತ್ತರ, ಅಲ್ಲಿಂದ ಗುಂಡು ಹಾರಿಸಿದರೆ ಕೋಟೆ ಉಳಿಯುವುದಿಲ್ಲ ಎಂಬುದು ಬಯಲಾಗಿ, ಎಂಜಿನಿಯರನನ್ನು ಕೋಟೆಯ ಬಾಗಿಲಲ್ಲೇ ಗಲ್ಲಿಗೇರಿಸಿದರು ಎಂದು ಊರಲ್ಲಿ ಕತೆಯಿದೆ. ಅಳಿಯನ ಕೈಗಡಿಯಾರ ಅವನು ಎಷ್ಟು ಮೀಟರ್ ಏರಿದ, ಎಷ್ಟು ಇಳಿದ ಎಂದು ಲೆಕ್ಕ ಇಡುತ್ತದೆ. ಅದು ತಪ್ಪಿದರೆ ಕಂಪನಿಗೊಂದು ದೂರು ಬರೆಯುತ್ತಾನೆ, ಅಷ್ಟೇ. ಕಾಲ ಎಷ್ಟು ಸೌಮ್ಯವಾಗಿದೆ ನೋಡಿ.

ಅವನು ಮೊದಲು ಬೆರಳಿಟ್ಟದ್ದು ಸಂಡೂರಿನ ಮೇಲೆ. ಬೆಟ್ಟವೆಂದರೆ ಅದು ಬೆಟ್ಟವೇ. ಬಳ್ಳಾರಿಯ ದಂಡಿನಲ್ಲಿ ಬೆಂದುಹೋಗುತ್ತಿದ್ದ ಬ್ರಿಟಿಷ್ ಸಿಪಾಯಿಗಳಿಗಾಗಿ 19ನೇ ಶತಮಾನದಲ್ಲಿ ಅಲ್ಲಿಯ ರಾಮನದುರ್ಗದಲ್ಲಿ ಆರೋಗ್ಯಧಾಮವನ್ನೇ ಕಟ್ಟಿಸಿದ್ದರು. ಅಂದರೆ ಬಳ್ಳಾರಿಯವರ ಬೆಟ್ಟದ ರಜೆಯ ಚಾಳಿಗೆ ಅಷ್ಟು ಹಳೆಯ ಇತಿಹಾಸವಿದೆ. ಆಮೇಲೆ ಆ ಸಾಲಿನಲ್ಲಿ ಅದಿರಿದೆ ಎಂಬುದು ಎಲ್ಲರಿಗೂ ಗೊತ್ತಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದಾಗ ರಸ್ತೆಗಳು ಸ್ವಲ್ಪ ದಿನ ಉಸಿರಾಡಿದವು. ಈಗ ಮತ್ತೆ ಕೆಂಪು ಧೂಳು, ಮತ್ತೆ ಲಾರಿ. ಬಿಳಿ ಅಂಗಿ ತೊಟ್ಟು ಹೋದವನು ಇಟ್ಟಿಗೆ ಬಣ್ಣದಲ್ಲಿ ಮರಳುತ್ತಾನೆ. ಇತ್ತ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ದೆಸೆಯಿಂದ ಹೊಸಪೇಟೆ ರಸ್ತೆಯ ಮಾತನ್ನೇ ಆಡುವಂತಿಲ್ಲ.

ಉಳಿದದ್ದು ಬಡಗಣ ದಿಕ್ಕು, ಕುರುಗೋಡು, ಸಿರುಗುಪ್ಪದ ಕಡೆ. ಅಳಿಯ ಎರಡು ರಾತ್ರಿ ಮೊಬೈಲಿನ ನಕ್ಷೆ ಹಿಗ್ಗಿಸಿ ಕುಗ್ಗಿಸಿ ನೋಡಿದ. ನಕ್ಷೆಯಲ್ಲಿ ಎಲ್ಲ ರಸ್ತೆಯೂ ನಿಶ್ಶಬ್ದವಾಗಿಯೇ ಇರುತ್ತದೆ. ಕೊನೆಗೆ ಉಪಾಯ ಹೇಳಿದ್ದು ಕೌಲ್ ಬಜಾರಿನ ಒಬ್ಬ ಹಳೆಯ ಸೈಕಲ್ ರಿಪೇರಿಯವರು. ನನ್ನ ಅಟ್ಲಾಸ್ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತ, “ಬಸ್ ಸ್ಟ್ಯಾಂಡಿಗೆ ಹೋಗಿ ಬೋರ್ಡ್ ನೋಡ್ರಿ ಸಾರ್. ಯಾ ಊರಿಗೆ ವಸ್ತಿ ಬಸ್ಸು ಒಂದೇ ಐತೋ ಆ ಊರಿನ ರೋಡು ಹಿಡೀರಿ” ಎಂದರು. ರಾತ್ರಿ ಹೋಗಿ ಊರಲ್ಲೇ ಉಳಿದು ಬೆಳಿಗ್ಗೆ ವಾಪಸಾಗುವ ಒಂದೇ ಬಸ್ಸು! ಹಗಲೆಲ್ಲ ಆ ರಸ್ತೆ ಸೈಕಲ್ಲಿನವನದೇ. ಯಾವ ಉಪಗ್ರಹಕ್ಕೂ ಹೊಳೆಯದ ಸೂತ್ರ ಇದು. ಸಾರಿಗೆ ಸಂಸ್ಥೆಯವರು ಯಾವ ಊರನ್ನು ಮರೆತಿದ್ದಾರೋ ಅದೇ ಊರಿನ ದಾರಿ ನಮಗೆ ಸುಖಕರ. ಆ ಊರಿನವರನ್ನು ಕೇಳಿದರೆ ಬೇರೆ ಮಾತು ಹೇಳಿಯಾರು.

ಅದು 2024ರ ಡಿಸೆಂಬರ್. ನಮ್ಮಲ್ಲಿ ಬೆಳಗಿನ ಜಾವ ಮೈಮೇಲೆ ಸ್ವೆಟರ್ ಹಾಕಲು ನೆಪ ಸಿಗುವುದು ಆ ತಿಂಗಳಲ್ಲೇ. ಒಗ್ಗಾಣಿ-ಮಿರ್ಚಿ ಕಟ್ಟಿಸಿಕೊಂಡು ಹೊರಟೆವು. ಮಿರ್ಚಿ ತಿಂದು ಸೈಕಲ್ ತುಳಿಯಬಾರದು ಎಂದು ಅಳಿಯ ಪೌಷ್ಟಿಕಾಂಶದ ಪಾಠ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಪೊಟ್ಟಣದಲ್ಲಿ ಎರಡು ಕಡಿಮೆಯಾಗಿದ್ದವು.

ಊರು ದಾಟಿದರೆ ಸಂಗನಕಲ್ಲು, ಕಪ್ಪಗಲ್ಲಿನ ಗುಡ್ಡಗಳು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಇಲ್ಲಿ ನವಶಿಲಾಯುಗದ ಜನರ ಗುರುತುಗಳನ್ನು ಕಂಡವನು. ಬಳ್ಳಾರಿಯಲ್ಲಿ ಅವನ ಹೆಸರಿನದೇ ವಸ್ತುಸಂಗ್ರಹಾಲಯವಿದೆ. ಇಲ್ಲಿಯ ಹಿರೇಗುಡ್ಡದಲ್ಲಿ ಆ ಜನ ಕರಿಗಲ್ಲಿನ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದ್ದರು. ಅಲ್ಲಿಯ ಕೆಲವು ಬಂಡೆಗಳನ್ನು ಬಡಿದರೆ ಗಂಟೆಯ ಹಾಗೆ ನಾದ ಬರುತ್ತದೆ. ಬಡಿದೂ ಬಡಿದೂ ಗುಳಿ ಬಿದ್ದಿವೆ. ಅಳಿಯ ಇಳಿದು, “ಎಷ್ಟು ಸೈಲೆಂಟ್ ಇದೆ ಮಾಮಾ” ಎಂದು ಕಣ್ಣು ಮುಚ್ಚಿ ನಿಂತ. ಸಾವಿರಾರು ವರ್ಷಗಳ ಹಿಂದೆ ಬಂದಿದ್ದರೆ ಇಡೀ ಗುಡ್ಡ ಕಲ್ಲು ಕುಟ್ಟುವ ಸದ್ದಿನಿಂದ ತುಂಬಿರುತ್ತಿತ್ತು. ಈ ಗುಡ್ಡಗಳಿಗೆ ಕಲ್ಲು ಗಣಿಯವರ ಕಣ್ಣು ಬಿದ್ದು ಕೂಡ ಬಹಳ ಕಾಲವಾಗಿದೆ. ನಿಶ್ಶಬ್ದ ಎಂಬುದು ಇಲ್ಲಿ ಎರಡು ಪಾಳಿಗಳ ನಡುವಿನ ಬಿಡುವು.

ಕುರುಗೋಡಿನ ದಾರಿ ಚೆಲುವಾದದ್ದು. ಬಂಡೆಯ ಮೇಲೆ ಬಂಡೆ ಪೇರಿಸಿದ ಗುಡ್ಡಗಳು ದೂರದಿಂದಲೇ ಕಾಣುತ್ತವೆ, ಒಂದೂ ಬೀಳುವುದಿಲ್ಲ. ಏರು ಮಾತ್ರ ಎಲ್ಲೂ ಇಲ್ಲ. ಇದು ನಮ್ಮ ಸೀಮೆಯ ಬೆಟ್ಟಗಳ ಸೌಜನ್ಯ: ಬಯಲಿನಿಂದ ನೆಟ್ಟಗೆ ಎದ್ದು ನಿಂತು ರಸ್ತೆಯನ್ನು ಅದರ ಪಾಡಿಗೆ ಹೋಗಗೊಡುತ್ತವೆ. ಹತ್ತದೆಯೇ ಬೆಟ್ಟ ನೋಡುವ ಅನುಕೂಲ ಸ್ಟೆಲ್ವಿಯೋದಲ್ಲಿ ಎಲ್ಲಿಂದ ಬರಬೇಕು? ಅಳಿಯನ ಗಡಿಯಾರ ಇದನ್ನು ಒಪ್ಪಲಿಲ್ಲ, ಏರಿದ್ದು ಅತ್ಯಲ್ಪ ಎಂದು ತೋರಿಸಿತು. ಅವನ ಮುಖ ಸಣ್ಣಗಾಯಿತು.

ವಾಹನಗಳು ನಿಜಕ್ಕೂ ಇರಲಿಲ್ಲ. ಆದರೆ ಮನುಷ್ಯರಿದ್ದರು. ಹಸಿರು ಹುಲ್ಲಿನ ಹೊರೆ ಹೊತ್ತ ಅಜ್ಜಿಯೊಬ್ಬಳು ನಡುರಸ್ತೆಯಲ್ಲಿ ನಿಂತು ಅಳಿಯನನ್ನು ತಡೆದಳು. “ಯಾ ಊರಪ್ಪಾ? ಯಾಕಪ್ಪಾ ಸೈಕಲ್ ಮ್ಯಾಲೆ ಹೊಂಟಿ? ಗಾಡಿ ಕೆಟ್ಟೈತೇನು?” ಗಾಡಿ ಮನೆಯಲ್ಲಿದೆ ಅಜ್ಜೀ ಎಂದ. ಮನೆಯಲ್ಲಿ ಗಾಡಿ ಇಟ್ಟು ಸೈಕಲ್ ತುಳಿಯುವವನಿಗೆ ಏನೋ ಹರಕೆಯಿರಬೇಕೆಂದು ಅವಳು ತೀರ್ಮಾನಿಸಿದಳು. “ದೊಡ್ಡಬಸವಣ್ಣಗೆ ಹೊಂಟೀ ಏನು? ಹಂಗಾರೆ ಒಳ್ಳೇದಾಗ್ತೈತಿ, ಮದಿವಿ ಆಗ್ತೈತಿ” ಎಂದು ಹರಸಿದಳು. ಮದುವೆಯಾಗಿದೆ ಎಂದು ಹೇಳುವ ಧೈರ್ಯ ಅವನಿಗಾಗಲಿಲ್ಲ.

ಮುಂದೆ ಇದೇ ಕ್ರಮವಾಯಿತು. ಅವನ ಸೈಕಲ್ಲು ವೇಗದ್ದು, ನನ್ನದು ವಯಸ್ಸಿನದು. ಅವನು ಮುಂದೆ ಹೋಗಿ ಯಾವುದೋ ಕಟ್ಟೆಯ ಬಳಿ ಕಾಯುತ್ತಿದ್ದ. ನಾನು ಏದುಸಿರು ಬಿಡುತ್ತ ತಲುಪುವ ಹೊತ್ತಿಗೆ ಕಟ್ಟೆಯ ಹಿರಿಯರಿಗೆ ನನ್ನ ಊರು, ಕೇರಿ, ನೌಕರಿ, ಪಿಂಚಣಿ ಎಲ್ಲ ಗೊತ್ತಾಗಿರುತ್ತಿತ್ತು. “ಬರ್ರೀ ಮೇಷ್ಟ್ರೇ, ನಿಮ್ ಅಳಿಯಾರು ಹೇಳಿದ್ರು, ಮಂಡಿ ನೋವಂತಲ್ಲ” ಎಂದು ಸ್ವಾಗತಿಸುತ್ತಿದ್ದರು. ಸೈಕಲ್ಲನ್ನು ಒಂದು ಕಿರುಬೆರಳಿನಿಂದ ಎತ್ತಿ ನೋಡುವ ಪರೀಕ್ಷೆ ಪ್ರತಿ ಊರಿನಲ್ಲೂ ನಡೆಯಿತು. ಹುಡುಗರಿಂದ ಹಿಡಿದು ಚೇರ್ಮನ್ನರವರೆಗೆ ಎಲ್ಲರೂ ಎತ್ತಿದರು. ಎತ್ತಿದವರೆಲ್ಲ ಕೇಳಿದ್ದು ಒಂದೇ: ಇದರ ಮೇಲೆ ನೆಲ್ಲಿನ ಚೀಲ ಎಲ್ಲಿ ಇಡ್ತೀರಿ?

ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಗುಡಿಗೆ ಹೋದೆವು. ಹನ್ನೆರಡನೇ ಶತಮಾನದಲ್ಲಿ ಸಿಂದರು ಆಳಿದ ಊರು. ಗುಡ್ಡದ ಮೇಲೆ ಕೋಟೆ, ಕೆಳಗೆ ಹಳೆಯ ಗುಡಿಗಳು, ಒಳಗೆ ಒಂದೇ ಕಲ್ಲಿನ ಭಾರೀ ಬಸವ. ಅಷ್ಟು ಸಾವಧಾನವಾಗಿ ಕೂತವನನ್ನು ನೋಡಿದರೆ ಗೇರು ಬದಲಿಸುವ ಬಯಕೆಯೇ ಹೊರಟುಹೋಗುತ್ತದೆ.

ಅಲ್ಲಿಂದ ಸಿರುಗುಪ್ಪದತ್ತ ಸಾಗಿದಂತೆ ನಾಡಿನ ಬಣ್ಣ ಬದಲಾಗುತ್ತದೆ. ಬಂಡೆ ಹಿಂದೆ ಸರಿದು ಗದ್ದೆ ಬರುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಬಿಟ್ಟ ಮೇಲೆ ಹುಟ್ಟಿದ ಹಸಿರು ಇದರಲ್ಲಿ ಬಹುಪಾಲು. ಸಿರುಗುಪ್ಪ, ದೇಶನೂರಿನ ಕಾಲುವೆಗಳು ಮಾತ್ರ ವಿಜಯನಗರದ ಕಾಲದವು. ಸೈಕಲ್ಲಿನವನಿಗೆ ಕಾಲುವೆಯ ಏರಿಗಿಂತ ಒಳ್ಳೆಯ ಸ್ನೇಹಿತನಿಲ್ಲ ಎಂಬುದು ನನ್ನ ದೃಢ ನಂಬಿಕೆ. ನೀರಿಗೆ ಏರು ಹತ್ತಲು ಬರುವುದಿಲ್ಲ. ಆದ್ದರಿಂದ ಎಂಜಿನಿಯರುಗಳು ಗುಡ್ಡಗಳ ಬುಡ ಬಳಸಿ, ದಿನ್ನೆ ತಪ್ಪಿಸಿ, ಗೊತ್ತೇ ಆಗದಷ್ಟು ಇಳಿಜಾರಿನಲ್ಲಿ ಮೈಲಿಗಟ್ಟಲೆ ಅದಕ್ಕೆ ದಾರಿ ಹುಡುಕಿಕೊಟ್ಟಿದ್ದಾರೆ. ನನ್ನ ಮಂಡಿಯ ಗತಿಯೂ ನೀರಿನದೇ. ಪಕ್ಕದಲ್ಲಿ ನೀರು, ಅದರಾಚೆ ಬೆಳ್ಳಕ್ಕಿ, ಎದುರಿಗೆ ಯಾರೂ ಇಲ್ಲ. ಮಳೆಗಾಲದಲ್ಲಿ ಈ ಮಾತು ನಂಬಿ ಬರಬೇಡಿ. ಎರೆಮಣ್ಣು ಗಾಲಿಗೆ ಮೆತ್ತಿಕೊಂಡರೆ ಸೈಕಲ್ಲನ್ನು ನೀವೇ ಹೊತ್ತು ನಡೆಯಬೇಕಾಗುತ್ತದೆ; ಅಷ್ಟು ಹಗುರವಾದ ಸೈಕಲ್ ಏಕೆ ಬೇಕೆಂದು ಆಗ ತಿಳಿಯುತ್ತದೆ.

ರಸ್ತೆಗೆ ಮರಳಿದರೆ ಅರ್ಧ ಡಾಂಬರಿನ ಮೇಲೆ ನೆಲ್ಲು ಒಣಗಲು ಹರವಿದ್ದರು. ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆಯೇ ಕಣ. ಅದು ತಪ್ಪು ಎಂದು ಅಧಿಕಾರಿಗಳು ಹೇಳುತ್ತಾರೆ, ಹೇಳಬೇಕಾದದ್ದೂ ಹೌದು. ಆದರೆ ಉಳಿದರ್ಧ ರಸ್ತೆಯಲ್ಲಿ ಲಾರಿ ನುಗ್ಗಲಾರದೆ ಬೇರೆ ದಾರಿ ಹಿಡಿಯುವುದರಿಂದ ಸೈಕಲ್ಲಿನವನು ರೈತನಿಗೆ ಒಳಗೊಳಗೇ ಋಣಿ. ನಮ್ಮ ಸ್ಟೆಲ್ವಿಯೋ ದಿನಾಚರಣೆ ಹೀಗೆ ನಡೆಯುತ್ತದೆ.

ಪಂಚರ್ ಆಗದೆ ಇರುತ್ತದೆಯೇ? ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಒಂದು ಮುಳ್ಳುಗಿಡ ಕರ್ನಾಟಕದ ತುಂಬ ಬಳ್ಳಾರಿ ಜಾಲಿ ಎಂದೇ ಹೆಸರಾಗಿದೆ. ಆ ಹೆಸರಿನ ಮರ್ಯಾದೆಗಾದರೂ ಅದು ತನ್ನ ಸ್ವಂತ ಜಿಲ್ಲೆಯಲ್ಲಿ ಕೆಲಸ ಮಾಡಬೇಕಲ್ಲ. ಅಳಿಯ ಹೊಸ ಟ್ಯೂಬು ಹಾಕಿದ. ಕೈಪಂಪು ಮಾತ್ರ ಮನೆಯ ಬ್ಯಾಗಿನಲ್ಲಿ ಉಳಿದಿತ್ತು. ಅವನ ಟ್ಯೂಬಿನ ವಾಲ್ವು ಕಡ್ಡಿಯಷ್ಟು ಸಣ್ಣದು, ಹತ್ತಿರದ ಕ್ಯಾಂಪಿನ ಪಂಪು ಅದಕ್ಕೆ ಕೂರಲಿಲ್ಲ. ಕ್ಯಾಂಪೆಂದರೆ ಡೇರೆಯಲ್ಲ, ಅಣೆಕಟ್ಟಿನ ನೀರು ನಂಬಿ ಆಂಧ್ರದಿಂದ ಬಂದ ರೈತರು ನೆಲೆಸಿದ ಊರುಗಳು. ಚಹಾದ ಅಂಗಡಿಯ ಮುಂದೆ ಕನ್ನಡ, ತೆಲುಗು ಎರಡರಲ್ಲೂ ಸಲಹೆಗಳು ಹರಿದುಬಂದವು. ಒಬ್ಬರು ವಾಲ್ವಿಗೆ ಬಾಲ್‌ಪೆನ್ನಿನ ತುದಿ ಸಿಕ್ಕಿಸಿ ನೋಡಿದರು, ಇನ್ನೊಬ್ಬರು ಔಷಧಿ ಸಿಂಪಡಿಸುವ ಯಂತ್ರ ತಂದರು. ನಡುನಡುವೆ ಮಾತೆಲ್ಲ ಹತ್ತೊಂಬತ್ತರ ಸುತ್ತ ತಿರುಗುತ್ತಿತ್ತು. ಆ ವರ್ಷದ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದದ್ದು, ಅಣೆಕಟ್ಟು ಖಾಲಿಯಾದೀತೆಂದು ಯಾರಿಗೂ ನಿದ್ದೆ ಬರದದ್ದು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಡೆಹಲಗೆಗಳನ್ನು ಇಳಿಸಿ ನೀರು ಉಳಿಸಿದ್ದು. ಹೇಳುವವರ ಕೈ ಸೈಕಲ್ಲಿನ ಗಾಲಿಯನ್ನೇ ಗೇಟು ಮಾಡಿಕೊಂಡು ಮೇಲೆ ಕೆಳಗೆ ಆಡುತ್ತಿತ್ತು. ಟ್ಯೂಬಿಗೆ ಗಾಳಿ ಹೇಗೋ ಸೇರಿತು. ಯಾರ ಉಪಾಯದಿಂದ ಎಂಬ ಬಗ್ಗೆ ನಾವು ಹೊರಟಾಗಲೂ ಚರ್ಚೆ ನಡೆದಿತ್ತು.

ತೆಕ್ಕಲಕೋಟೆಯ ಸಮೀಪ ಶಾಲೆ ಬಿಟ್ಟ ಹೊತ್ತು. ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತ್ತು. ಅಕ್ಕಂದಿರಿಂದ ಬಂದ ಅಂಥ ಸೈಕಲ್ಲುಗಳಲ್ಲಿ ಮೂವರು ಹುಡುಗಿಯರು ರಸ್ತೆಯಗಲಕ್ಕೂ ಸಾಲಾಗಿ ಹೋಗುತ್ತಿದ್ದರು. ಒಬ್ಬಳ ಕ್ಯಾರಿಯರ್ ಮೇಲೆ ತಮ್ಮ, ಹ್ಯಾಂಡಲ್ಲಿಗೆ ಊಟದ ಡಬ್ಬಿ. ಅಳಿಯ ಗಂಟೆ ಬಾರಿಸೋಣವೆಂದರೆ ಗಂಟೆ ಇಲ್ಲ. ಕೆಮ್ಮಿದ. ಅವರು ತಿರುಗಿ ನೋಡಿ, ಅವನ ಹೆಲ್ಮೆಟ್ಟು, ಬಿಗಿ ಚಡ್ಡಿ ನೋಡಿ, ಬಿದ್ದು ಬಿದ್ದು ನಗುತ್ತ ಪೆಡಲ್ ತುಳಿದರು. ಎರಡು ಎಮ್ಮೆಯ ಬೆಲೆಯ ಸೈಕಲ್ಲು ಅವರನ್ನು ಹಿಂದೆ ಹಾಕಲು ಊರ ಬಾಗಿಲವರೆಗೂ ಹೆಣಗಿತು. ಹಾಕಿತು ಎಂದು ಅವನು ಹೇಳುತ್ತಾನೆ. ನಾನು ಬಹಳ ಹಿಂದಿದ್ದೆ, ಸಾಕ್ಷಿ ನುಡಿಯಲಾರೆ.

ಬೆಂಗಳೂರಿಗೆ ಮರಳಿದವನು ವಾರದೊಳಗೆ ಫೋನು ಮಾಡಿದ. ಗೆಳೆಯರಿಗೆಲ್ಲ ಹೇಳಿದ್ದಾನೆ, ಅವರೂ ಬರುತ್ತಾರಂತೆ. “ರೋಡ್ ಎಲ್ಲ ಸೂಪರ್ ಮಾಮಾ. ಆದ್ರೆ ಒಂದೊಂದು ಊರಲ್ಲೂ ಅರ್ಧರ್ಧ ಗಂಟೆ ಮಾತಾಡಿಸ್ತಾರೆ. ಯಾರೂ ಏನೂ ಕೇಳದೇ ಇರೋ ರೋಡು ಯಾವುದಾದ್ರೂ ಇದ್ಯಾ?”

ಇದೆ ಎಂದೆ. ಹೊಸಪೇಟೆ ರಸ್ತೆ. ಅದಿರು ಲಾರಿಯವರು ಈವರೆಗೆ ಯಾರನ್ನೂ ನಿಲ್ಲಿಸಿ ಯಾವ ಊರೆಂದು ಕೇಳಿದ್ದಿಲ್ಲ.