ಏಳನೇ ಮಹಡಿಯ ರೈತ

ಬೆಂಗಳೂರಿನ ಸುತ್ತ ಕೃಷಿಭೂಮಿ ಮಾಯವಾಗುತ್ತಿದೆ ಎಂದು ಕೊರಗುವವರು ಸಮಾಧಾನ ಮಾಡಿಕೊಳ್ಳಬೇಕು. ಭೂಮಿ ಎಲ್ಲೂ ಹೋಗಿಲ್ಲ. ಹತ್ತು ಕಿಲೋ ಚೀಲಗಳಲ್ಲಿ ಕೂತು ಲಿಫ್ಟ್ ಹತ್ತುತ್ತಿದೆ. ದೇವನಹಳ್ಳಿ ಕಡೆಯ ರಾಗಿ ಹೊಲಕ್ಕೆ ಜೆಸಿಬಿ ಇಳಿಯುತ್ತದೆ. ಕೆಂಪು ಮೇಲ್ಮಣ್ಣು ಲಾರಿ ಏರಿ ನರ್ಸರಿ ಸೇರುತ್ತದೆ. ಅಲ್ಲಿ ಜರಡಿಯಾಗಿ, ಪಾಟಿಂಗ್ ಮಿಕ್ಸ್ ಎಂದು ನಾಮಕರಣವಾಗಿ, ಅದೇ ಹೊಲದ ಮೇಲೆ ಎದ್ದ ಟವರಿನ ಏಳನೇ ಮಹಡಿಗೆ ವಾಪಸು ಬರುತ್ತದೆ. ಅಪ್ಪ ಎಕರೆ ಲೆಕ್ಕದಲ್ಲಿ ಮಾರಿದ್ದನ್ನು ಮಗ ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾನೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಸರ್ಕಾರ ಕಿತ್ತುಹಾಕಿದಾಗ, ಇನ್ನು ಮೇಲೆ ರೈತನಲ್ಲದವನೂ ಜಮೀನು ಕೊಳ್ಳಬಹುದಲ್ಲ ಎಂದು ದೊಡ್ಡ ಗಲಾಟೆಯಾಯಿತು. ರೈತನಲ್ಲದವನು ಅಷ್ಟರೊಳಗೆ ಮೊಬೈಲಿನಲ್ಲೇ ಮಣ್ಣು ಬುಕ್ ಮಾಡಿ ರೈತನಾಗಿಬಿಟ್ಟಿದ್ದ.

ಈ ಏಳನೇ ಮಹಡಿಯ ರೈತನ ಹಿಡುವಳಿ ಹತ್ತಡಿ ಉದ್ದ, ನಾಲ್ಕಡಿ ಅಗಲ. ಅದರಲ್ಲೂ ವಾಷಿಂಗ್ ಮೆಷಿನ್ನು, ಬಟ್ಟೆ ಒಣಹಾಕುವ ಸ್ಟ್ಯಾಂಡು, ಎಸಿಯ ಹೊರಡಬ್ಬಿ ಒತ್ತುವರಿ ಮಾಡಿಕೊಂಡಿವೆ. ಪಹಣಿ ಇಲ್ಲ, ಬೆಳೆಸಾಲ ಇಲ್ಲ. ಕ್ರೆಡಿಟ್ ಕಾರ್ಡ್ ಇದೆ. ಮುಂಗಾರು ಅವನ ಜಮೀನಿನ ಮೇಲೆ ಸುರಿಯುವುದಿಲ್ಲ. ಎಂಟನೇ ಮಹಡಿಯವರು ಬಾಲ್ಕನಿ ತೊಳೆದ ದಿನ ಸೋಪಿನ ನೀರು ಇಳಿಯುತ್ತದೆ, ಅದೇ ಹದಮಳೆ. ಬಿಸಿಲಿನ ಕಥೆ ಇನ್ನೂ ಚೆನ್ನ. ವಾಸ್ತು ಪಂಡಿತರನ್ನು ಕರೆಸಿ, ಪೂರ್ವಕ್ಕೆ ಬಾಗಿಲು ಇದೆಯೆಂದು ಖಾತ್ರಿಯಾದ ಮೇಲೆಯೇ ಲಕ್ಷಗಟ್ಟಲೆ ಹೆಚ್ಚು ಕೊಟ್ಟು ಕೊಂಡ ಫ್ಲ್ಯಾಟ್ ಅದು. ಬಾಗಿಲೇನೋ ಪೂರ್ವಕ್ಕಿದೆ, ಬಾಲ್ಕನಿ ಎದುರು ಟವರಿನ ಗೋಡೆಗಿದೆ. ಟೊಮ್ಯಾಟೊ, ಬದನೆ, ಮೆಣಸಿನ ಗಿಡ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಕೇಳುತ್ತವೆ. ಅವಕ್ಕೆ ವಾಸ್ತುವಿನಲ್ಲಿ ನಂಬಿಕೆಯಿಲ್ಲ. ಪಕ್ಕದವರ ಕಂಬಿಯ ಮೇಲೆ ಬೀಳುವ ಒಂದು ಚೂರು ಬೆಳಕಿನ ಕಡೆಗೆ ಕತ್ತು ಉದ್ದ ಮಾಡಿಕೊಂಡು, ಬಿಳಿಚಿಕೊಂಡು, ಎಲೆಗಿಂತ ದಂಟೇ ಹೆಚ್ಚಾಗಿ ನಿಲ್ಲುತ್ತವೆ. ‘ನೋಡಿ, ಎಷ್ಟು ಎತ್ತರ ಬೆಳೆದಿದೆ!’ ಎಂದು ಆತ ನೆಂಟರಿಗೆ ತೋರಿಸುತ್ತಾನೆ.

ಈ ಕೃಷಿಯಲ್ಲಿ ಬಿತ್ತನೆಗಿಂತ ಮೊದಲು ಶಾಪಿಂಗ್ ಬರುತ್ತದೆ. ಮೊದಲು ಕೋಕೋಪೀಟ್. ತಿಪಟೂರು, ಅರಸೀಕೆರೆ ಕಡೆ ತೆಂಗಿನ ಮಟ್ಟೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ ಅದು; ಒಂದು ಕಾಲಕ್ಕೆ ಎಲ್ಲಿ ಸುರಿಯುವುದೆಂದು ನಾರಿನ ಘಟಕದವರಿಗೇ ತಲೆನೋವಾಗಿದ್ದ ರಾಶಿ. ಈಗ ಅದನ್ನು ಒತ್ತಿ ಇಟ್ಟಿಗೆ ಮಾಡುತ್ತಾರೆ. ಐದು ಕಿಲೋ ಇಟ್ಟಿಗೆಗೆ ನೀರು ಸುರಿದರೆ ಬಚ್ಚಲುಮನೆ ತುಂಬ ಉಬ್ಬುತ್ತದೆ, ಮನೆಯೊಡತಿಯ ಕೋಪವೂ ಜೊತೆಗೇ ಉಬ್ಬುತ್ತದೆ. ನೀರು ಹಿಡಿದಿಡುವುದರಲ್ಲಿ ಅದು ಬಲು ಗಟ್ಟಿ, ಆದರೆ ಗಿಡಕ್ಕೆ ಬೇಕಾದ ಸಾರ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಎರೆಗೊಬ್ಬರ ಬರುತ್ತದೆ, ಬೇವಿನಹಿಂಡಿ ಬರುತ್ತದೆ, ಪ್ಲಾಸ್ಟಿಕ್ ಹೊದಿಕೆಯಲ್ಲಿ ಬೆರಣಿ ಬರುತ್ತದೆ, ಕೊನೆಗೆ ಮೂಳೆಗೊಬ್ಬರವೂ ಬರುತ್ತದೆ. ಬಾಡಿಗೆಗೆ ಬರುವವರು ಮೊಟ್ಟೆ ತಿನ್ನುತ್ತಾರೋ ಇಲ್ಲವೋ ಎಂದು ವಿಚಾರಿಸಿ ಬೀಗದ ಕೈ ಕೊಡುವ ಅಪಾರ್ಟ್‌ಮೆಂಟ್ ಇದು. ಮೂಳೆಯ ಪುಡಿ ಮಾತ್ರ ಸೆಕ್ಯುರಿಟಿಯವನ ಸಲ್ಯೂಟು ತೆಗೆದುಕೊಂಡು ಒಳಗೆ ಹೋಗುತ್ತದೆ. ಪ್ಯಾಕೆಟ್ಟಿನ ಮೇಲೆ ಹಸಿರೆಲೆಯ ಚಿತ್ರವಿದೆ, ಮೂಳೆ ಯಾವ ಪ್ರಾಣಿಯದು ಎಂದು ಯಾರೂ ಕೇಳುವುದಿಲ್ಲ.

ಇನ್ನು ಬೀಜ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ನಗರದ ಮಗ್ಗುಲಲ್ಲೇ ಇದೆ. ಹಳದಿ ನಂಜು ತಡೆಯುವ ಬೆಂಡೆ ಬೇಕೆಂದು ಅರ್ಕಾ ಅನಾಮಿಕ ತೆಗೆದರು. ಎಲೆ ಮುದುಡುವ ನಂಜನ್ನೂ ಸೊರಗು ರೋಗವನ್ನೂ ತಾಳಿಕೊಳ್ಳುವ ಟೊಮ್ಯಾಟೊ ಬೇಕೆಂದು ಅರ್ಕಾ ರಕ್ಷಕ್ ತೆಗೆದರು. ಏಳನೇ ಮಹಡಿಯ ರೈತನಿಗೆ ಇವು ಹಿಡಿಸುವುದಿಲ್ಲ. ಅವನಿಗೆ ಬೇಕಾದದ್ದು ಕಪ್ಪು ಟೊಮ್ಯಾಟೊ, ನೇರಳೆ ಕ್ಯಾರೆಟ್, ರೋಸ್‌ಮೇರಿ ಮತ್ತು ಕೇಲ್. ಕೇಲ್ ಚಳಿಗೆ ಸಿಹಿಯಾಗುವ ಸೊಪ್ಪು. ಏಪ್ರಿಲ್ ತಿಂಗಳ ಬೆಂಗಳೂರಿನ ಕಾಂಕ್ರೀಟಿನ ಮೇಲೆ ಅದು ಏನು ಯೋಚಿಸುತ್ತಿರಬಹುದು ಎಂದು ಒಮ್ಮೊಮ್ಮೆ ನನಗೆ ಸಂಕಟವಾಗುತ್ತದೆ. ಕುಂಡದ ಮೂಲೆಯಲ್ಲಿ ತಾನಾಗಿ ಹುಟ್ಟಿದ ದಂಟಿನ ಸೊಪ್ಪನ್ನೋ ಗೋಣಿಸೊಪ್ಪನ್ನೋ ಆತ ಕಳೆ ಎಂದು ಕಿತ್ತು ಬಿಸಾಡುತ್ತಾನೆ. ಅದನ್ನು ಕೆಲಸದಾಕೆ ಆರಿಸಿಕೊಂಡು ಹೋಗಿ ರಾತ್ರಿ ಬಸ್ಸಾರು ಮಾಡುತ್ತಾಳೆ. ಇಡೀ ಬಾಲ್ಕನಿಯಲ್ಲಿ ಹೊಟ್ಟೆಗೆ ಹೋದ ಬೆಳೆ ಅದೊಂದೇ.

2023ರ ಜುಲೈ ಈ ರೈತಕುಲದ ಪಾಲಿಗೆ ಸುವರ್ಣಯುಗ. ಪೇಟೆಯಲ್ಲಿ ಟೊಮ್ಯಾಟೊ ಕಿಲೋಗೆ ನೂರು ರೂಪಾಯಿ ದಾಟಿತು. ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕಿಲೋ ಬಾಕ್ಸು ಹರಾಜಿನಲ್ಲಿ 2,000 ರೂಪಾಯಿ ಮೇಲೆ ಹೋಯಿತು. ಹಾಸನದ ಕಡೆ ಹೊಲಕ್ಕೇ ನುಗ್ಗಿ ಹಣ್ಣು ಕದ್ದರು. ನಮ್ಮ ಏಳನೇ ಮಹಡಿ ಕೂಡಲೇ ತುರ್ತು ಪರಿಸ್ಥಿತಿ ಘೋಷಿಸಿತು: ಇನ್ನು ಮೇಲೆ ಸ್ವಾವಲಂಬನೆ! ಆರು ಗ್ರೋಬ್ಯಾಗ್, ಬೀಜ, ಊರುಗೋಲು, ಹನಿ ನೀರಾವರಿಯ ಕಿಟ್ಟು, ಮಣ್ಣಿನ ತೇವ ಅಳೆಯುವ ಮೀಟರು ಎಲ್ಲವೂ ಒಂದೇ ರಾತ್ರಿಯಲ್ಲಿ ಆರ್ಡರ್ ಆದವು. ಬೆರಳಿಟ್ಟು ನೋಡಿದರೂ ತೇವ ತಿಳಿಯುತ್ತದೆ. ಆದರೆ ಬೆರಳಿಗೆ ಬ್ಲೂಟೂತ್ ಇಲ್ಲ. ಬೀಜ ಸಸಿಯಾಗಲು ಒಂದು ತಿಂಗಳು, ನಾಟಿಯಾದ ಮೇಲೆ ಮೊದಲ ಹಣ್ಣಿಗೆ ಇನ್ನೆರಡು ತಿಂಗಳು ಬೇಕು ಎಂಬ ಸಣ್ಣ ಸಂಗತಿಯನ್ನು ಆ್ಯಪ್ ಹೇಳಿರಲಿಲ್ಲ. ಬಾಲ್ಕನಿಯ ಹಣ್ಣು ಕೆಂಪಾಗುವ ಹೊತ್ತಿಗೆ ಅಕ್ಟೋಬರ್ ಬಂದಿತ್ತು. ಸೆಪ್ಟೆಂಬರಿನಲ್ಲೇ ಬೆಲೆ ನೆಲಕಚ್ಚಿತ್ತು. ಬೆಲೆ ಏರಿದೆ ಎಂದು ಎಲ್ಲರೂ ಒಟ್ಟಿಗೆ ನಾಟಿ ಮಾಡುವುದು, ಎಲ್ಲರ ಫಸಲೂ ಒಟ್ಟಿಗೆ ಮಾರುಕಟ್ಟೆಗೆ ಬಂದು ಮಗುಚಿಕೊಳ್ಳುವುದು ಬಯಲುಸೀಮೆಯ ಹಳೆಯ ರೋಗ. ಈ ಒಂದು ವಿಷಯದಲ್ಲಿ ಮಾತ್ರ ನಮ್ಮ ಬಾಲ್ಕನಿಯವನು ಅಪ್ಪಟ ರೈತ. ವ್ಯತ್ಯಾಸ ಆಮೇಲೆ ಬರುತ್ತದೆ. ಕೋಲಾರದವನು ಬಾಡಿಗೆ ಟೆಂಪೋದ ದುಡ್ಡು ಎಲ್ಲಿಂದ ಹೊಂದಿಸಲಿ ಎಂದು ತಲೆ ಮೇಲೆ ಕೈಹೊತ್ತು ಕೂತ. ಇವನು ಮೂರು ಹಣ್ಣನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಫೋಟೋ ಹಾಕಿದ, ಅಮೆರಿಕದಲ್ಲಿರುವ ಭಾವಮೈದುನ ಚಪ್ಪಾಳೆ ತಟ್ಟುವ ಕೈಗಳನ್ನು ಕಳಿಸಿದ.

ಅದರ ಬೆನ್ನಿಗೇ ಬರ ಬಂತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಸಾರಿತು. 2024ರ ಮಾರ್ಚಿನಲ್ಲಿ ಜಲಮಂಡಳಿ, ಕುಡಿಯುವ ನೀರನ್ನು ಕಾರು ತೊಳೆಯಲು, ಗಿಡಕ್ಕೆ ಹಾಕಲು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತು. ತೊರೆಕಾಡನಹಳ್ಳಿಯಿಂದ 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಕರೆಂಟು ಸುಟ್ಟು ಏರಿಸಿದ ಕಾವೇರಿ, ಅಲ್ಲಿಂದ ಮತ್ತೆ ಏಳು ಮಹಡಿ ಹತ್ತಿ ರೋಸ್‌ಮೇರಿಯ ಬುಡಕ್ಕೆ ಬೀಳುತ್ತಿದ್ದಳು. ದಂಡದ ಸುದ್ದಿ ಬಂದ ಮೇಲೆ ಈ ನೀರಾವರಿ ರಾತ್ರಿಪಾಳಿಗೆ ಬದಲಾಯಿತು. ಹನ್ನೊಂದು ಗಂಟೆಗೆ ದೀಪ ಆರಿಸಿ, ಚೊಂಬಿನಲ್ಲಿ, ಸದ್ದಾಗದಂತೆ. ಹಳ್ಳಿಯಲ್ಲಿ ತ್ರೀಫೇಸ್ ಕರೆಂಟು ಬರುವುದೇ ನಡುರಾತ್ರಿ ಎಂದು ಟಾರ್ಚು ಹಿಡಿದು ಹೊಲಕ್ಕೆ ಹೋಗುವವರಿದ್ದಾರಲ್ಲ, ಅವರ ಕಷ್ಟ ತನಗೆ ಅರ್ಥವಾಯಿತು ಎಂದು ಆತ ಗ್ರೂಪಿನಲ್ಲಿ ಬರೆದುಕೊಂಡ.

ಆತನ ಅಜ್ಜಿಯ ಹಿತ್ತಲಿಗೆ ಇಂಥ ಕಷ್ಟವಿರಲಿಲ್ಲ. ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸು, ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಬಸಳೆ ಚಪ್ಪರ, ತಂಪಿನಲ್ಲಿ ಒಂದೆಲಗ, ಬೇಲಿಗೆ ಚಕ್ರಮುನಿ, ಹಿತ್ತಲವರೆ, ಮೂಲೆಗೊಂದು ನುಗ್ಗೆ. ಅಜ್ಜಿ ಇದಕ್ಕೆಂದು ಒಂದು ಕಾಸೂ ಬಿಚ್ಚಲಿಲ್ಲ, ಒಂದು ತೊಟ್ಟು ಹೊಸ ನೀರೂ ಹಾಕಲಿಲ್ಲ. ಮೊಮ್ಮಗ ಈಗ ದುಡ್ಡು ಕಟ್ಟಿ ಭಾನುವಾರದ ಕಾರ್ಯಾಗಾರಕ್ಕೆ ಹೋಗಿ, ಪಾತ್ರೆ ತೊಳೆದ ನೀರನ್ನು ಗಿಡಕ್ಕೆ ಹಾಕಬಹುದು ಎಂದು ಕಲಿತು, ಸರ್ಟಿಫಿಕೇಟ್ ತಂದಿದ್ದಾನೆ.

ಕಾರ್ಯಾಗಾರದಿಂದ ಆತ ತಂದ ಇನ್ನೊಂದು ವಸ್ತು ಜೀವಾಮೃತದ ವಿಧಾನ. ಸುಭಾಷ್ ಪಾಳೇಕರರ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ: ಎಕರೆಗೆ 200 ಲೀಟರ್ ದ್ರಾವಣ, ಅದಕ್ಕೆ ಹತ್ತು ಕಿಲೋ ನಾಟಿ ಹಸುವಿನ ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಹಿಡಿ ಮಣ್ಣು. ಎಕರೆ ಎಂದರೆ 43,560 ಚದರಡಿ. ನಲವತ್ತು ಚದರಡಿಯ ಬಾಲ್ಕನಿಗೆ ಒಂದು ಲೋಟ ಸಾಕು. ಎಂಜಿನಿಯರಿಂಗ್ ಓದಿದ ಮನುಷ್ಯನಿಗೆ ಈ ಭಾಗಾಕಾರ ಹೊಳೆಯದೆ ದೊಡ್ಡ ಬಕೀಟಿನಲ್ಲಿ ಕಲಕಿ ಇಟ್ಟ. ಮೂರನೇ ದಿನ ಅಸೋಸಿಯೇಷನ್ ಸೆಕ್ರೆಟರಿ ಮೂಗು ಹಿಡಿದುಕೊಂಡು ಬಾಗಿಲು ಬಡಿದರು.

‘ಸಾರ್, ಲಿಫ್ಟಿನೊಳಗೆಲ್ಲ ವಾಸನೆ ಅಂತ ಕಂಪ್ಲೇಂಟ್ ಬಂದಿದೆ.’

‘ವಾಸನೆ ಅಲ್ಲ ಸಾರ್ ಇದು, ನಮ್ಮ ಸಂಸ್ಕೃತಿ.’

‘ಇರಲಿ ಸಾರ್, ಮುಚ್ಚಳ ಹಾಕಿಡಿ.’

ಮಹಾಸಭೆಯಲ್ಲಿ ಎರಡು ಗಂಟೆ ಚರ್ಚೆಯಾಗಿ, ಸಂಸ್ಕೃತಿಯನ್ನು ಸರ್ವಿಸ್ ಲಿಫ್ಟಿನಲ್ಲಿ ಮಾತ್ರ ಸಾಗಿಸತಕ್ಕದ್ದು ಎಂದು ನಿರ್ಣಯವಾಯಿತು.

ಅಷ್ಟಾದರೂ ಹಿಟ್ಟುತಿಗಣೆ ಹೋಗಲಿಲ್ಲ. ಬಿಳಿನೊಣ ಹೋಗಲಿಲ್ಲ. ಕೊನೆಗೊಂದು ರಾತ್ರಿ, ಯಾರೂ ಇಲ್ಲದ ಹೊತ್ತಿನಲ್ಲಿ, ಜಿರಲೆಗೆಂದು ತಂದಿಟ್ಟ ಸ್ಪ್ರೇ ಡಬ್ಬಿ ಬಾಲ್ಕನಿಗೆ ಬಂದುಹೋಗಿದೆ ಎಂಬ ಗುಸುಗುಸು ಇದೆ. ಮರುದಿನವೂ ಕುಂಡದ ಮೇಲೆ ‘ನೂರಕ್ಕೆ ನೂರು ಸಾವಯವ’ ಎಂಬ ಬೋರ್ಡು ಇದ್ದ ಹಾಗೇ ಇತ್ತು.

ಹೊಗಳಿಕೆಗೆ ಇಷ್ಟು ಖರ್ಚು ಮಾಡುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಮೈ ಉರಿಯುವುದು ಉಪದೇಶಕ್ಕೆ. ಮೂರು ಟೊಮ್ಯಾಟೊ ಕಿತ್ತವನಿಗೆ ಮುನ್ನೂರು ಬಾಕ್ಸು ಕೀಳುವವನಿಗೆ ಪಾಠ ಹೇಳುವ ಹಕ್ಕು ಬಂದುಬಿಡುತ್ತದೆ. ‘ಕ್ಯೂಬಾ ನೋಡಿ!’ ಎನ್ನುತ್ತಾನೆ. ಸೋವಿಯತ್ ಒಕ್ಕೂಟ ಕುಸಿದು ಎಣ್ಣೆ, ಗೊಬ್ಬರ ನಿಂತುಹೋದಾಗ ಹವಾನಾದವರು ಖಾಲಿ ಸೈಟುಗಳಲ್ಲಿ ತರಕಾರಿ ಬೆಳೆದದ್ದು ಹೊಟ್ಟೆಗಿಲ್ಲದೆ; ಇವನು ಬೆಳೆಯುವುದು ವಾರಾಂತ್ಯದಲ್ಲಿ ಹೊತ್ತು ಹೋಗದೆ. ‘ಶಾಸ್ತ್ರಿಯವರು ನೋಡಿ!’ ಎನ್ನುತ್ತಾನೆ. ಹೌದು, 1965ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ತಮ್ಮ ಮನೆಯ ಹುಲ್ಲುಹಾಸನ್ನು ಉತ್ತರು. ಆದರೆ ಪಂಜಾಬಿನ ರೈತನನ್ನು ಕರೆದು ‘ಉಳುವುದು ಹೀಗಯ್ಯಾ’ ಎಂದು ತೋರಿಸಲಿಲ್ಲ.

ಯುಗಾದಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಮಗನ ಹೊಲದ ಬದುವಿನ ಮೇಲೆ ನಿಂತು ಇವನು ಶುರುಮಾಡಿದ: ‘ಏನೋ ಇದು, ಇನ್ನೂ ಯೂರಿಯಾ ಹಾಕ್ತೀಯಲ್ಲೋ? ಮಣ್ಣು ಸತ್ತುಹೋಗುತ್ತೆ ಕಣೋ.’

‘ನಿನ್ ಗಿಡ ಎಷ್ಟು ಹಣ್ಣು ಬಿಡ್ತಣ್ಣ?’

‘ಮೂರು. ಆದ್ರೆ ರುಚಿ ನೋಡ್ಬೇಕು ನೀನು.’

‘ಮೂರು ಹಣ್ಣಲ್ಲಿ ಸೊಸೈಟಿ ಬಡ್ಡಿ ಕಟ್ಟಕ್ಕಾಗಲ್ಲ ಕಣಣ್ಣ. ಬಾ, ಒಬ್ಬಟ್ಟು ಆರೋಗುತ್ತೆ.’

ಊರಿಂದ ಬಂದ ಮೇಲೂ ಬುದ್ಧಿ ಬರಲಿಲ್ಲ. ಬೆಳಿಗ್ಗೆ ಗೇಟಿನ ಹತ್ತಿರ ಮಾಲೂರು ಕಡೆಯಿಂದ ಸೊಪ್ಪು ತರುವ ಅಜ್ಜಿ ಕೂರುತ್ತಾಳೆ. ಮೊದಲ ಬಸ್ಸಿಗೆ ಹೊರಟು ಬಂದಿರುತ್ತಾಳೆ. ಎರಡಿಂಚು ಎತ್ತರದ ಮೆಂತ್ಯದ ಮೊಳಕೆಯನ್ನು ಮೈಕ್ರೋಗ್ರೀನ್ ಎಂದು ಡಬ್ಬಿಯಲ್ಲಿ ಹಾಕಿ ಮಾರಿದರೆ ಕೇಳಿದಷ್ಟು ಕೊಡುವ ನಮ್ಮ ರೈತ, ಅದೇ ಮೆಂತ್ಯ ಪೂರ್ತಿ ಬೆಳೆದು ಕಟ್ಟಾಗಿ ಬಂದಾಗ ಐದು ರೂಪಾಯಿಗೆ ಕೊಸರಾಡುತ್ತಾನೆ.

‘ಇಷ್ಟೊಂದಾ? ನಾವೇ ಮನೇಲಿ ಬೆಳೀತೀವಮ್ಮ, ನಮಗೆ ಗೊತ್ತಿಲ್ವಾ ಇದರ ಖರ್ಚು?’

‘ಮನೇಲೇ ಬೆಳ್ದಿದ್ರೆ ಇಲ್ಲಿಗ್ಯಾಕ್ ಬಂದೆ ಸ್ವಾಮಿ?’ ಎಂದು ಅಜ್ಜಿ ಕಟ್ಟನ್ನು ವಾಪಸು ಗೋಣಿಯ ಮೇಲಿಟ್ಟು ನೀರು ಚಿಮುಕಿಸಿದಳು.

ಮಹಡಿ ಮೇಲೆ ನಿಜಕ್ಕೂ ಬೆಳೆಯುವವರು ಈ ಊರಿನಲ್ಲಿ ಇಲ್ಲವೆಂದಲ್ಲ. ‘ಊಟ ಫ್ರಮ್ ಯುವರ್ ತೋಟ’ ಸಂತೆಗೆ ಹೋದರೆ ಸಿಗುತ್ತಾರೆ. ಅವರನ್ನು ಗುರುತಿಸುವುದು ಸುಲಭ: ಉಗುರಿನಲ್ಲಿ ಮಣ್ಣಿರುತ್ತದೆ, ಮಾತಿನಲ್ಲಿ ಕ್ಯೂಬಾ ಇರುವುದಿಲ್ಲ. ಹಳೆಯ ಬಕೀಟು, ಒಡೆದ ಟಬ್ಬು, ಸಿಪ್ಪೆ ಕೊಳೆಸಿದ ಗೊಬ್ಬರ, ಮಡಿಸಿದ ಕಾಗದದಲ್ಲಿ ನಾಲ್ಕು ಬೀಜ ಕಟ್ಟಿಕೊಡುವ ಧಾರಾಳ. ತಾರಸಿಯ ಮೇಲೆ ಒಂದಡಿ ಹಸಿ ಮಣ್ಣು ಹರಡಿದರೆ ಚದರ ಮೀಟರಿಗೆ ಅರ್ಧ ಟನ್ ಭಾರ, ಮಾಮೂಲಿ ತಾರಸಿಗೆ ಲೆಕ್ಕ ಹಿಡಿಯುವುದು 150 ಕಿಲೋ ಮಾತ್ರ ಎಂಬುದು ಅವರಿಗೆ ಗೊತ್ತು. ಅದಕ್ಕೇ ಡ್ರಮ್ಮುಗಳನ್ನು ನಟ್ಟನಡುವೆ ಗುಡ್ಡೆ ಹಾಕದೆ ತೊಲೆಯ ಗೆರೆ ಹಿಡಿದು ಇಡುತ್ತಾರೆ. ಥಾಯ್ಲೆಂಡಿನ ಮಾವು, ಡ್ರ್ಯಾಗನ್ ಫ್ರೂಟು ಎಂದು ಸ್ಲ್ಯಾಬಿನ ಮೇಲೆ ಸಾಲು ಡ್ರಮ್ಮು ಏರಿಸುವವರ ಕೆಳಗಿನ ಮನೆಯಲ್ಲಿ ಬಾಡಿಗೆಗಿರುವವರು ಮಳೆಗಾಲಕ್ಕೆ ಮುಂಚೆ ಒಮ್ಮೆ ಚಾವಣಿ ನೋಡಿಕೊಳ್ಳುವುದು ಒಳ್ಳೆಯದು.

ಇಷ್ಟಾಗಿಯೂ ಬಾಲ್ಕನಿಯಲ್ಲಿ ಬೆಳೆಯಲೇಬೇಕು ಎನ್ನುವವರು ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ಮೆಂತ್ಯ ತೆಗೆದು ಚೆಲ್ಲಿ. ಮೂರು ವಾರದಲ್ಲಿ ಸಾರಿಗಾಗುತ್ತದೆ. ಸೊಪ್ಪು ಬಿಡಿಸಿಕೊಂಡ ಪುದೀನ ಕಡ್ಡಿ, ಬಸಳೆ ದಂಟು ಚುಚ್ಚಿ. ನೆರಳಿದ್ದರೆ ದೊಡ್ಡಪತ್ರೆ. ಅಕ್ಕಿ ತೊಳೆದ ನೀರು ಹಾಕಿ. ಟೊಮ್ಯಾಟೊವನ್ನು ಕೋಲಾರದವರಿಗೆ ಬಿಡಿ, ಅವರಿಗೆ ಪಾಠ ಹೇಳಲು ಹೋಗಬೇಡಿ, ಅಜ್ಜಿ ಹೇಳಿದಷ್ಟು ಕೊಟ್ಟು ಬನ್ನಿ.

ವಾರಕ್ಕೊಮ್ಮೆ ಕುಂಡದ ಅಡಿಯ ತಟ್ಟೆಯನ್ನೂ ಎತ್ತಿ ನೋಡಿ. ನಿಂತ ನೀರಿನಲ್ಲಿ ಡೆಂಗ್ಯೂ ಸೊಳ್ಳೆ ಮೊಟ್ಟೆಯಿಂದ ಹೊರಟು ಹಾರುವ ಹಂತಕ್ಕೆ ಬರಲು ಎಂಟು ಹತ್ತು ದಿನ ಸಾಕು. ಏಳನೇ ಮಹಡಿಯಲ್ಲಿ ಇದುವರೆಗೆ ಬಿತ್ತದೆ, ಗೊಬ್ಬರ ಹಾಕದೆ, ಬೆಲೆ ಕುಸಿಯದೆ, ತಪ್ಪದೆ ಕೈಗೆ ಬಂದಿರುವ ಫಸಲು ಇದು. ನಗರದ ಮನೆಗಳಲ್ಲಿ ಸೊಳ್ಳೆ ಬೆಳೆದರೆ 400 ರೂಪಾಯಿ ದಂಡ ಎಂದು ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ನಿಯಮ ಮಾಡಿದೆ.